ಸಿಂಗಾನಲ್ಲೂರಿನ ನಲ್ಲಿ ನೀರು

ಸಿಂಗಾನಲ್ಲೂರು ತಮಿಳುನಾಡಿನ ಕೊಯಮತ್ತೂರು ನಗರದ ಪೂರ್ವ ಭಾಗದಲ್ಲಿ, ತಿರುಚ್ಚಿ ರಸ್ತೆಗೆ ಹೊಂದಿಕೊಂಡಿರುವ ಬಡಾವಣೆ. ಮೊದಲು ಇದಕ್ಕೆ ತನ್ನದೇ ಪುರಸಭೆಯಿತ್ತು. 1981ರಲ್ಲಿ ಕೊಯಮತ್ತೂರು ಮಹಾನಗರಪಾಲಿಕೆ ರಚನೆಯಾದಾಗ ಅದರೊಳಗೆ ಸೇರಿಹೋಯಿತು. ಡಾ. ರಾಜ್‌ಕುಮಾರ್ ಅವರ ತಂದೆ ಪುಟ್ಟಸ್ವಾಮಯ್ಯನವರ ಹೆಸರಿನೊಂದಿಗೆ ಕನ್ನಡಿಗರಿಗೆ ಪರಿಚಿತವಾದ ಸಿಂಗಾನಲ್ಲೂರು ಇದಲ್ಲ, ಅದು ಕೊಳ್ಳೇಗಾಲ ಸೀಮೆಯದು. ಆದರೆ ಕೊಳ್ಳೇಗಾಲವೂ 1956ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಮನೆಯಲ್ಲಿ ಕನ್ನಡ ಆಡುವ ದೇವಾಂಗ ನೇಕಾರರೂ ಒಕ್ಕಲಿಗರೂ ತಲೆಮಾರುಗಳಿಂದ ಈ ನಾಡಿನಲ್ಲಿ ನೆಲೆಸಿದ್ದಾರೆ.

ಕೊಯಮತ್ತೂರಿನ ನೀರಿನ ವಿಷಯ ಬಂದರೆ ಮಾತು ಸಿರುವಾಣಿ ಬೆಟ್ಟದಿಂದಲೇ ಶುರುವಾಗುತ್ತದೆ. ಆ ನೀರಿನ ರುಚಿಗೆ ಅಷ್ಟು ಹೆಸರು. ಆದರೆ ಕುಡಿಯುವವರ ಆರೋಗ್ಯ ನಿಂತಿರುವುದು ಬೆಟ್ಟದ ಮೇಲಲ್ಲ. ಬೀದಿಯ ಕೊಳವೆ, ಮನೆಯಂಗಳದ ತೊಟ್ಟಿ, ಮಾಳಿಗೆಯ ಟ್ಯಾಂಕ್, ಅಡುಗೆಮನೆಯ ಕೊಡ, ಈ ನಾಲ್ಕರ ಮೇಲೆ.

ಎರಡು ಬಗೆಯ ನೀರು

ಇಲ್ಲಿನ ಮನೆಗಳಲ್ಲಿ ನೀರೆಂದರೆ ಎರಡು ಬಗೆ. ತಮಿಳಿನಲ್ಲಿ ಒಂದಕ್ಕೆ 'ನಲ್ಲ ತಣ್ಣಿ', ಇನ್ನೊಂದಕ್ಕೆ 'ಉಪ್ಪು ತಣ್ಣಿ' ಎನ್ನುತ್ತಾರೆ. ಅಂದರೆ ಒಳ್ಳೆ ನೀರು, ಉಪ್ಪು ನೀರು. ಪಾಲಿಕೆಯ ಕೊಳವೆಯಲ್ಲಿ ಬರುವ ಒಳ್ಳೆ ನೀರು ಕುಡಿಯಲು, ಅಡುಗೆಗೆ. ಬೋರ್‌ವೆಲ್‌ನ ಉಪ್ಪು ನೀರು ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ. ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ಕೊಯಮತ್ತೂರಿಗೆ ಮಳೆ ಕಡಿಮೆ, ಕೆಳಗಿರುವುದು ಗಟ್ಟಿ ಬಂಡೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಗಡಸಾಗುತ್ತದೆ. ಆ ನೀರಿನಲ್ಲಿ ತೊಗರಿಬೇಳೆ ಎಷ್ಟು ಹೊತ್ತಾದರೂ ಬೇಯುವುದಿಲ್ಲ, ಸಾಬೂನು ನೊರೆಯಾಗುವುದಿಲ್ಲ, ಹಂಡೆಯ ಒಳಮೈಗೆ ಸುಣ್ಣ ಬಳಿದಂತೆ ಬಿಳಿಯ ಪದರ ಕಟ್ಟುತ್ತದೆ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕ (ಐಎಸ್ 10500, 2012ರ ಪರಿಷ್ಕರಣೆ) ಲೀಟರಿಗೆ 500 ಮಿಲಿಗ್ರಾಂವರೆಗಿನ ಕರಗಿದ ಘನಾಂಶವನ್ನು ಒಪ್ಪುತ್ತದೆ. ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೆ. ಗಡಸುತನಕ್ಕೆ ಇದೇ ರೀತಿ 200 ಮತ್ತು 600 ಎಂಬ ಎರಡು ಮಿತಿಗಳಿವೆ.

ಗಡಸು ನೀರು ವಿಷವಲ್ಲ, ಕಿರಿಕಿರಿ. ಭಯಪಡಬೇಕಾದದ್ದು ನೈಟ್ರೇಟ್‌ಗೆ. ಚರಂಡಿ ನೀರು ನೆಲಕ್ಕೆ ಇಂಗುವ ಕಡೆಗಳಲ್ಲಿ ಇದು ಅಂತರ್ಜಲದಲ್ಲಿ ಏರುತ್ತದೆ. ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲದ್ದರಿಂದ ನಾಲಿಗೆಗೆ ಪತ್ತೆಯಾಗುವುದಿಲ್ಲ. ಲೀಟರಿಗೆ 45 ಮಿಲಿಗ್ರಾಂ ಅದರ ಮಿತಿ. ಅದಕ್ಕಿಂತ ಹೆಚ್ಚಿರುವ ನೀರಿನಲ್ಲಿ ಪುಡಿಹಾಲು ಕಲಸಿ ಕುಡಿಸಿದರೆ ಎಳೆಗೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನು ಕಳೆದುಕೊಂಡು ಮೈ ನೀಲಿಗಟ್ಟಬಹುದು. ಕಾಯಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಬೋರ್‌ವೆಲ್ ನೀರನ್ನು ಕಾಯಿಸಿ ಕುಡಿದರೆ ಸಾಕೆಂದು ನಂಬಿರುವ ಮನೆಗಳು ಇದನ್ನು ತಿಳಿದಿರಲೇಬೇಕು.

ಮೂಲ

ಸಿರುವಾಣಿಯ ನೀರನ್ನು ಊರಿಗೆ ತರಬೇಕೆಂಬ ಮಾತನ್ನು 1889ರಷ್ಟು ಹಿಂದೆಯೇ ಎತ್ತಿದವರು ಪತ್ರಕರ್ತರೂ ಪುರಸಭಾ ಸದಸ್ಯರೂ ಆಗಿದ್ದ ಎಸ್. ಪಿ. ನರಸಿಂಹಲು ನಾಯ್ಡು. ನೀರು ಬರಲು ನಲವತ್ತು ವರ್ಷ ಹಿಡಿಯಿತು. ಸಿರುವಾಣಿ ಭವಾನಿಯ ಉಪನದಿ. ಕೇರಳದ ಪಾಲಕ್ಕಾಡ್ ಜಿಲ್ಲೆಯ ಕಾಡಿನಲ್ಲಿ ಹರಿಯುತ್ತದೆ. ಈಗಿರುವ ಅಣೆಕಟ್ಟು ಕೇರಳ ಮತ್ತು ತಮಿಳುನಾಡುಗಳ ನಡುವೆ 1973ರಲ್ಲಿ ಆದ ಒಪ್ಪಂದದ ಫಲ. ಅದರಂತೆ 99 ವರ್ಷಗಳ ಕಾಲ ವರ್ಷಕ್ಕೆ 1.3 ಟಿಎಂಸಿ ನೀರು ಕೊಯಮತ್ತೂರಿಗೆ ಸಲ್ಲಬೇಕು. ಬೆಟ್ಟದೊಳಗೆ ಕೊರೆದ ಸುರಂಗದ ಮೂಲಕ ನೀರು ಪೂರ್ವಕ್ಕೆ ಇಳಿದು, ತಪ್ಪಲಿನಲ್ಲಿ ಶುದ್ಧೀಕರಣಗೊಂಡು ನಗರಕ್ಕೆ ಹರಿಯುತ್ತದೆ.

ನಗರದ ಪಶ್ಚಿಮದವರಿಗೆ ಹೆಚ್ಚಾಗಿ ಸಿಗುವುದು ಸಿರುವಾಣಿಯಾದರೆ, ಸಿಂಗಾನಲ್ಲೂರಿನಂಥ ಪೂರ್ವದ ಬಡಾವಣೆಗಳಿಗೆ ಮುಖ್ಯ ಆಸರೆ ಪಿಲ್ಲೂರು ಯೋಜನೆ. ಪಿಲ್ಲೂರು ಅಣೆಕಟ್ಟೂ ಭವಾನಿ ನದಿಗೇ ಕಟ್ಟಿದ್ದು. ಅದರ ಮೂರನೆಯ ಹಂತ 2024ರಲ್ಲಿ ಉದ್ಘಾಟನೆಗೊಂಡಿತು. ಎರಡೂ ಕಾಡಿನ ಮೇಲ್ಮೈ ನೀರು, ಮೃದುವಾದ ನೀರು. ಸಿರುವಾಣಿ ಜಗತ್ತಿನ ಎರಡನೆಯ ಸವಿನೀರು ಎಂಬ ಹೆಮ್ಮೆಯ ಮಾತು ಊರೆಲ್ಲ ಹರಡಿದೆ. ಆ ಅಭಿಮಾನವನ್ನು ಗೌರವಿಸೋಣ. ಆದರೆ ರುಚಿ ಹೇಳುವುದು ಲವಣಾಂಶದ ಸುದ್ದಿಯನ್ನು ಮಾತ್ರ. ರೋಗಾಣುವಿನ ಸುದ್ದಿ ಅದಕ್ಕೆ ಗೊತ್ತಿಲ್ಲ.

ಕೊಳವೆಯೊಳಗೆ

ಇಲ್ಲಿ ನೀರು ದಿನವಿಡೀ ಬರುವುದಲ್ಲ, ಸರದಿಯಂತೆ ಬಿಡುವುದು. ಬೇಸಿಗೆಯಲ್ಲಿ ಜಲಾಶಯದ ಮಟ್ಟ ಇಳಿದರೆ ಒಂದು ಸರದಿಗೂ ಇನ್ನೊಂದಕ್ಕೂ ನಡುವಿನ ದಿನಗಳು ಹೆಚ್ಚುತ್ತವೆ. ಜನರ ಅಳಲು ನೀರಿನ ಪ್ರಮಾಣದ ಬಗ್ಗೆ. ನೀರಿನ ಗುಣ ಕೆಡುವುದೂ ಈ ಬಿಡುವಿನ ದಿನಗಳಲ್ಲೇ ಎಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ.

ಕೊಳವೆಯಲ್ಲಿ ನೀರು ತುಂಬಿ ಒತ್ತಡವಿರುವಾಗ ಬಿರುಕಿದ್ದರೆ ನೀರು ಹೊರಕ್ಕೆ ಸೋರುತ್ತದೆ. ನೀರು ನಿಂತು ಕೊಳವೆ ಬರಿದಾಗುವಾಗ ಅದೇ ಬಿರುಕು ಒಳಕ್ಕೆಳೆಯುತ್ತದೆ. ಪಕ್ಕದಲ್ಲೇ ಚರಂಡಿಯಿದ್ದರೆ ಎಳೆದುಕೊಳ್ಳುವುದು ಏನನ್ನು ಎಂದು ಬಿಡಿಸಿ ಹೇಳಬೇಕಿಲ್ಲ. ಕೆಲವು ಮನೆಯವರು ಕೊಳವೆಗೇ ಮೋಟಾರು ಹಚ್ಚಿ ನೀರೆಳೆಯುತ್ತಾರಲ್ಲ, ಅದು ಬೀದಿಯ ಉಳಿದ ಮನೆಗಳ ಕೊಳವೆಗೂ ಈ ಕೊಳೆಯನ್ನು ಕರೆದು ತರುತ್ತದೆ.

ನೀರು ಬಿಡುವ ಹೊತ್ತಿನಲ್ಲಿ ನಲ್ಲಿಯ ಹತ್ತಿರ ನಿಂತವರಿಗೆ ಇದು ಕಣ್ಣಿಗೇ ಕಾಣುತ್ತದೆ. ಮೊದಲು ಬುಸ್ಸೆಂದು ಗಾಳಿ. ಆಮೇಲೆ ಕಂದು ಬಣ್ಣದ ನೀರು ಕೆಮ್ಮಿ ಕೆಮ್ಮಿ ಬರುತ್ತದೆ. ಕೊಡದ ತಳದಲ್ಲಿ ತುಕ್ಕಿನ ಪುಡಿ. ಎರಡು ಕೊಡ ಕಳೆದ ಮೇಲೆ ನೀರು ತಿಳಿಯಾಗುತ್ತದೆ. ಅನುಭವಸ್ಥ ಹೆಂಗಸರು ಆ ಮೊದಲ ಕೊಡಗಳನ್ನು ಗಿಡಗಳಿಗೆ ಸುರಿಯುತ್ತಾರೆ. ವಿಜ್ಞಾನ ಅವರ ಪರವಾಗಿಯೇ ಇದೆ.

ಬಿಟ್ಟು ಬಿಟ್ಟು ಬರುವ ನೀರು ಕೊಳವೆಯಲ್ಲೇ ಕೆಡುತ್ತದೆ ಎಂಬುದಕ್ಕೆ ಬಲವಾದ ಸಾಕ್ಷ್ಯ ಸಿಕ್ಕಿದ್ದು ಹುಬ್ಬಳ್ಳಿ–ಧಾರವಾಡದಲ್ಲಿ. 2007–08ರ ಹೊತ್ತಿಗೆ ಅವಳಿನಗರದ ಕೆಲವು ವಾರ್ಡುಗಳಿಗೆ ಮಾತ್ರ 24 ಗಂಟೆಯೂ ನೀರು ಕೊಡುವ ವ್ಯವಸ್ಥೆ ಬಂತು. ಉಳಿದ ಕಡೆ ಕೆಲವು ದಿನಗಳಿಗೊಮ್ಮೆ ಬಿಡುವ ಪದ್ಧತಿಯೇ ಇತ್ತು. ಮೂಲ ಅದೇ, ಶುದ್ಧೀಕರಣ ಅದೇ, ನಲ್ಲಿಗೆ ತಲುಪಿದ ನೀರು ಮಾತ್ರ ಬೇರೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಿಟ್ಟು ಬಿಟ್ಟು ಬರುವ ನಲ್ಲಿಗಳ ಮಾದರಿಗಳಲ್ಲಿ ಶೇ. 31.7ರಷ್ಟರಲ್ಲಿ ಮಲಮೂಲದ ಇ. ಕೊಲೈ ಬ್ಯಾಕ್ಟೀರಿಯಾ ಇತ್ತು. ಸದಾ ಹರಿಯುವ ನಲ್ಲಿಗಳಲ್ಲಿ ಶೇ. 0.7ರಷ್ಟರಲ್ಲಿ ಮಾತ್ರ. ಮುಂದಿನ ಅಧ್ಯಯನದಲ್ಲಿ ಮಕ್ಕಳ ಒಟ್ಟಾರೆ ಭೇದಿಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಕಡಿಮೆಯಿತ್ತು, ವಿಷಮಶೀತಜ್ವರವೂ ಕಡಿಮೆಯಿತ್ತು. ಕೊಯಮತ್ತೂರು ಪಾಲಿಕೆ 2018ರಲ್ಲಿ ಫ್ರಾನ್ಸಿನ ಸ್ವೆಜ್ ಕಂಪನಿಯೊಂದಿಗೆ 26 ವರ್ಷಗಳ 24 ಗಂಟೆ ನೀರಿನ ಒಪ್ಪಂದ ಮಾಡಿಕೊಂಡಾಗ ವಾದವಿವಾದ ಸಾಕಷ್ಟು ನಡೆಯಿತು. ನೀರನ್ನು ಖಾಸಗಿಯವರಿಗೆ ಒಪ್ಪಿಸಬಾರದೆಂಬ ವಿರೋಧ ಎದ್ದಿತು. ಯಾರು ನಡೆಸಬೇಕೆಂಬುದು ಬೇರೆ ಪ್ರಶ್ನೆ. ಕೊಳವೆ ಬರಿದಾಗದಂತೆ ಇರಬೇಕೆಂಬುದು ಮಾತ್ರ ಆರೋಗ್ಯದ ದೃಷ್ಟಿಯಿಂದ ನಿಸ್ಸಂಶಯ.

ಕೊಳವೆಯ ಕೊಳೆಗೆ ಎದುರು ನಿಲ್ಲುವುದು ಕ್ಲೋರಿನ್. ಶುದ್ಧೀಕರಣ ಘಟಕದಲ್ಲಿ ಹಾಕಿದ ಕ್ಲೋರಿನ್ ದಾರಿಯಲ್ಲಿ ಖರ್ಚಾಗುತ್ತಾ ಬರುತ್ತದೆ. ಮಾನಕದಂತೆ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು, 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇ. ಕೊಲೈ ಇರಬಾರದು. ನೀರಿಗೆ ಸಣ್ಣ ಕ್ಲೋರಿನ್ ವಾಸನೆ ಬಂದರೆ ಜನ ಮುಖ ಸಿಂಡರಿಸುತ್ತಾರೆ. ಆ ವಾಸನೆ ರಕ್ಷಣೆಯ ಗುರುತು.

ಮನೆಯೊಳಗೆ

ಸರದಿಯ ನೀರು ಶೇಖರಣೆಯನ್ನು ಅನಿವಾರ್ಯ ಮಾಡುತ್ತದೆ. ನೆಲದೊಳಗಿನ ಸಂಪು, ಮಾಳಿಗೆಯ ಟ್ಯಾಂಕು, ಪ್ಲಾಸ್ಟಿಕ್ ಪೀಪಾಯಿ, ಸಾಲು ಕೊಡ. ಮುಚ್ಚಳವಿಲ್ಲದ ಪೀಪಾಯಿಯಲ್ಲಿ ವಾರದೊಳಗೆ ಈಡಿಸ್ ಸೊಳ್ಳೆಯ ಮರಿಹುಳು ಬೆಳೆದು ಹೊರಬರಬಲ್ಲದು. ಡೆಂಗಿಗೆ ಅದೇ ದಾರಿ. ಕೊಯಮತ್ತೂರು ಪ್ರದೇಶದಲ್ಲಿ ಡೆಂಗಿ ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಆರೋಗ್ಯ ಸಿಬ್ಬಂದಿ ಮನೆಮನೆಗೆ ಬಂದು ಟಾರ್ಚು ಹಾಕಿ ಪೀಪಾಯಿ ನೋಡುವುದು ಇದಕ್ಕಾಗಿಯೇ. ಅವರನ್ನು ಬಾಗಿಲಲ್ಲೇ ಕಳಿಸಬಾರದು.

ಇತ್ತೀಚೆಗೆ ಮನೆಮನೆಗೂ ಆರ್‌ಒ ಯಂತ್ರ ಬಂದಿದೆ. ಬೋರ್‌ವೆಲ್ ನೀರಿಗೆ ಅದು ಸರಿ, ಲವಣವನ್ನು ತೆಗೆಯುತ್ತದೆ. ಪಿಲ್ಲೂರು, ಸಿರುವಾಣಿಯ ಮೃದು ನೀರಿಗೆ ಅದು ದಂಡ. ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಚರಂಡಿಗೆ ಬಿಡುವ ಯಂತ್ರವನ್ನು, ನೀರಿಗಾಗಿ ದಿನಗಟ್ಟಲೆ ಕಾಯುವ ಊರಿನಲ್ಲಿ ಹೀಗೆ ಕಣ್ಣುಮುಚ್ಚಿ ಕೊಳ್ಳುವುದು ನೋವಿನ ಸಂಗತಿ. ಆ ನೀರಿಗಿರುವ ಅಪಾಯ ರೋಗಾಣು. ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಸಿ, ಮುಚ್ಚಿಟ್ಟು, ಉದ್ದ ಹಿಡಿಯ ಸೌಟಿನಿಂದ ತೋಡಿಕೊಂಡರೆ ಅದು ತೀರುತ್ತದೆ. ಲೋಟ ಹಿಡಿದ ಕೈ ಕೊಡದೊಳಗೆ ಇಳಿದರೆ ಕುದಿಸಿದ್ದು ವ್ಯರ್ಥ.

ಕೆರೆ ಮತ್ತು ನದಿ

ಸುಮಾರು 288 ಎಕರೆಯ ಸಿಂಗಾನಲ್ಲೂರು ಕೆರೆ ನೊಯ್ಯಲ್ ನದಿಯ ಹಳೆಯ ಕೆರೆಸರಣಿಗೆ ಸೇರಿದ್ದು. 2017ರಲ್ಲಿ ಪಾಲಿಕೆ ಇದನ್ನು ನಗರ ಜೀವವೈವಿಧ್ಯ ಸಂರಕ್ಷಣಾ ವಲಯವೆಂದು ಘೋಷಿಸಿತು. ಹಕ್ಕಿಗಳಿಗೆ ಹೆಸರಾದ ಕೆರೆಯಿದು. ಜೊತೆಗೆ ಕೊಳಚೆಯೂ ಬರುತ್ತದೆ, ಅಂತರಗಂಗೆ ಕಳೆ ಹಬ್ಬುತ್ತದೆ. ಈ ಕೆರೆ ನಲ್ಲಿ ನೀರಿನ ಮೂಲವಲ್ಲ. ಸುತ್ತಲಿನ ಬೋರ್‌ವೆಲ್‌ಗಳಿಗೆ ಇಂಗುವ ನೀರು ಮಾತ್ರ ಇದರದ್ದೂ ಹೌದು. ಆದ್ದರಿಂದ ಕೆರೆಗೆ ಬೀಳುವ ಚರಂಡಿಯ ಪ್ರಶ್ನೆ ಹಕ್ಕಿ ನೋಡುವವರದಷ್ಟೇ ಅಲ್ಲ.

ನೊಯ್ಯಲ್ ಕೆಳಗೆ ತಿರುಪ್ಪೂರು ತಲುಪುವಷ್ಟರಲ್ಲಿ ಇನ್ನೂ ದೊಡ್ಡ ದುರಂತ ಕಂಡಿತು. ಬಣ್ಣದ ಘಟಕಗಳ ತ್ಯಾಜ್ಯ ಹರಿದು ಒರತ್ತುಪಾಳಯಂ ಅಣೆಕಟ್ಟಿನ ನೀರು ಹೊಲಕ್ಕೆ ಬಿಡಲಾರದಷ್ಟು ಉಪ್ಪಾಯಿತು. ಮದ್ರಾಸ್ ಹೈಕೋರ್ಟ್ 2011ರ ಜನವರಿಯಲ್ಲಿ ಆ ಘಟಕಗಳನ್ನು ಮುಚ್ಚಲು ಆದೇಶಿಸಿತು. ಅಷ್ಟರಲ್ಲಿ ಅಂತರ್ಜಲ ಕೆಟ್ಟಾಗಿತ್ತು.

ಪರೀಕ್ಷೆ

2022ರಲ್ಲಿ ರಾಯಚೂರಿನಲ್ಲಿ, 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಎರಡೂ ಕಡೆ ಅದು ಊರಿನವರು ನಂಬಿ ಕುಡಿಯುತ್ತಿದ್ದ ಸರಬರಾಜಿನ ನೀರೇ. ಇಂಥದ್ದನ್ನು ಮೊದಲೇ ಹಿಡಿಯುವ ಪರೀಕ್ಷೆಗಳು ದುಬಾರಿಯಲ್ಲ. ನೀರಿಗೆ ಆರ್ಥೋಟಾಲಿಡಿನ್ ದ್ರಾವಣದ ಕೆಲವು ಹನಿ ಹಾಕಿದರೆ ಕ್ಲೋರಿನ್ ಇದ್ದರೆ ಹಳದಿ ಬಣ್ಣ ಬರುತ್ತದೆ. ಬಣ್ಣವೇ ಬರದಿದ್ದರೆ ರಕ್ಷಣೆ ಮುಗಿದಿದೆಯೆಂದೇ ಅರ್ಥ. ಹೈಡ್ರೋಜನ್ ಸಲ್ಫೈಡ್ ಬಾಟಲಿಯಲ್ಲಿ ನೀರು ತುಂಬಿ ಒಂದೆರಡು ದಿನ ಬೆಚ್ಚಗಿನ ಕಡೆ ಇಟ್ಟಾಗ ಕಪ್ಪಾದರೆ ಮಲಮೂಲದ ಬ್ಯಾಕ್ಟೀರಿಯಾದ ಶಂಕೆ. ಆಮೇಲೆ ಪ್ರಯೋಗಾಲಯಕ್ಕೆ ಕಳಿಸಬೇಕು. ತಮಿಳುನಾಡು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಜಿಲ್ಲೆಗಳಲ್ಲಿ ಇಂಥ ಪ್ರಯೋಗಾಲಯಗಳನ್ನು ನಡೆಸುತ್ತದೆ.

ಮಾದರಿ ತೆಗೆಯುವ ಜಾಗ ಮುಖ್ಯ. ಮೇಲ್ತೊಟ್ಟಿಯ ಬುಡದಲ್ಲಿ ತುಂಬಿದ ಬಾಟಲಿ ಬಹುತೇಕ ಪಾಸಾಗುತ್ತದೆ. ತುಂಬಬೇಕಾದದ್ದು ಬೀದಿಯ ತುತ್ತತುದಿಯ ಮನೆಯಲ್ಲಿ, ಕೊಳವೆ ಚರಂಡಿ ದಾಟುವ ಜಾಗದ ಆಚೆಗೆ, ನೀರು ಬಿಟ್ಟ ಮೊದಲ ಹತ್ತು ನಿಮಿಷದೊಳಗೆ.