ನಿರಾಶ್ರಿತ ಯುವಜನರ ಸಹಭಾಗಿ ಚಿತ್ರನಿರ್ಮಾಣ: ಇತಿಹಾಸ ಮತ್ತು ವಿಚಾರ

ನಿರಾಶ್ರಿತ ಯುವಜನರ ಸಹಭಾಗಿ ಚಿತ್ರನಿರ್ಮಾಣ: ಯುದ್ಧ, ದಬ್ಬಾಳಿಕೆ, ಜನಾಂಗೀಯ ಹಿಂಸೆಗಳಿಂದ ನೆಲೆ ಕಳೆದುಕೊಂಡ ಮಕ್ಕಳೂ ತರುಣರೂ ತಾವೇ ಸೇರಿ, ಅಥವಾ ಆಶ್ರಯ ಕೊಟ್ಟ ಊರಿನ ಓರಗೆಯವರನ್ನು ಕೂಡಿಕೊಂಡು, ನುರಿತ ಚಿತ್ರಕರ್ಮಿಗಳ ನೆರವಿನಿಂದ ಚಲನಚಿತ್ರ ಮಾಡುವ ಪದ್ಧತಿ. ಕಥೆಯ ಆಯ್ಕೆ, ಚಿತ್ರೀಕರಣ, ಸಂಕಲನ, ಪ್ರದರ್ಶನ ಈ ನಾಲ್ಕು ಹಂತಗಳಲ್ಲೂ ಅವರ ಮಾತು ನಡೆದರೆ ಮಾತ್ರ ಅದನ್ನು ಸಹಭಾಗಿ ಎನ್ನಬಹುದು. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯ ಲೆಕ್ಕದಂತೆ 2023ರ ಕೊನೆಗೆ ಜಗತ್ತಿನಲ್ಲಿ ಬಲವಂತವಾಗಿ ನೆಲೆ ತಪ್ಪಿದವರು 11.73 ಕೋಟಿ; ಅವರಲ್ಲಿ ನೂರಕ್ಕೆ ಸುಮಾರು 40 ಮಂದಿ 18 ವರ್ಷ ತುಂಬದವರು. ಇಷ್ಟೊಂದು ಎಳೆಯರ ಬದುಕನ್ನು ಉಳಿದ ಜಗತ್ತು ನೋಡಿದ್ದು ಬಹುಪಾಲು ಪರರು ತೆಗೆದ ಚಿತ್ರಗಳಲ್ಲಿ. ಅದನ್ನು ಬದಲಿಸಲು ನಡೆದ ಪ್ರಯತ್ನಗಳ ಇತಿಹಾಸ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತದೆ: ಕ್ಯಾಮೆರಾ ನಿರಾಶ್ರಿತರ ಕೈಗೆ ಬಂದರೆ ಅರ್ಧ ದಾರಿ ಮಾತ್ರ ಸಾಗಿದಂತೆ. ಯಾವ ದೃಶ್ಯ ಉಳಿಯಬೇಕು, ಯಾವುದು ಹೋಗಬೇಕು, ಯಾವ ವಿಷಯವನ್ನು ಎತ್ತಲೇಬಾರದು ಎಂಬ ತೀರ್ಮಾನವೂ ಅವರದಾದಾಗಲೇ ನೋಡುವವರಲ್ಲಿ ನಿಜವಾದ ಅರಿವು ಮೂಡುತ್ತದೆ.

ಪರರು ತೆಗೆದ ಚಿತ್ರಗಳ ಕೊರತೆ ಏನೆಂಬುದನ್ನು ಮೊದಲು ನೋಡಬೇಕು. 1951ರ ನಿರಾಶ್ರಿತರ ಒಪ್ಪಂದದ ಕಾಲದಿಂದಲೂ ಪರಿಹಾರ ಸಂಸ್ಥೆಗಳು ದೇಣಿಗೆ ಮತ್ತು ಸಹಾನುಭೂತಿಗಾಗಿ ಚಿತ್ರಗಳನ್ನು ನೆಚ್ಚಿಕೊಂಡು ಬಂದಿವೆ. ಟಾಂಜಾನಿಯಾದಲ್ಲಿದ್ದ ಬುರುಂಡಿಯ ಹುಟು ನಿರಾಶ್ರಿತರ ನಡುವೆ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಲೀಸಾ ಮಾಲ್ಕಿ 1996ರ ಒಂದು ಪ್ರಬಂಧದಲ್ಲಿ, ಇಂಥ ಚಿತ್ರಗಳು ನಿರಾಶ್ರಿತರನ್ನು ಇತಿಹಾಸವಿಲ್ಲದ, ಬಾಯಿಲ್ಲದ ದೇಹಗಳಾಗಿ ತೋರಿಸುತ್ತವೆ ಎಂದು ವಾದಿಸಿದರು. ಗಾಯ ಕಾಣುತ್ತದೆ, ಗಾಯಗೊಂಡವನು ಯಾವ ಊರಿನವನು, ಯಾಕೆ ಓಡಿಬಂದ, ಮುಂದೆ ಏನು ಬಯಸುತ್ತಾನೆ ಎಂಬುದು ಕಾಣುವುದಿಲ್ಲ. ಇಂಥ ಚಿತ್ರಗಳಿಂದ ಹುಟ್ಟುವ ಮರುಕ ಎಷ್ಟು ದಿನ ಬಾಳುತ್ತದೆ ಎಂಬುದಕ್ಕೂ ಪುರಾವೆ ಇದೆ. 2015ರ ಸೆಪ್ಟೆಂಬರಿನಲ್ಲಿ ಟರ್ಕಿಯ ಕಡಲತೀರಕ್ಕೆ ಬಂದು ಬಿದ್ದ ಸಿರಿಯಾದ ಪುಟ್ಟ ಬಾಲಕನ ಶವದ ಚಿತ್ರ ಪ್ರಕಟವಾದ ವಾರ, ಸಿರಿಯಾ ನಿರಾಶ್ರಿತರಿಗಾಗಿ ಸ್ವೀಡನ್ನಿನ ರೆಡ್ ಕ್ರಾಸ್ ತೆರೆದಿದ್ದ ನಿಧಿಗೆ ದಿನವೊಂದಕ್ಕೆ ಬರುವ ದೇಣಿಗೆಗಳ ಸಂಖ್ಯೆ ಮೊದಲಿಗಿಂತ ಸುಮಾರು ನೂರು ಪಟ್ಟು ಏರಿತು. ಆರು ವಾರ ಕಳೆಯುವಷ್ಟರಲ್ಲಿ ಆ ಏರಿಕೆಯ ಹೆಚ್ಚಿನ ಪಾಲು ಇಳಿದುಹೋಗಿತ್ತು. ಮನಶ್ಶಾಸ್ತ್ರಜ್ಞ ಪಾಲ್ ಸ್ಲೊವಿಕ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಈ ಅಧ್ಯಯನ, ಒಂದು ಚಿತ್ರ ಕಣ್ಣೀರು ತರಿಸಬಲ್ಲದಾದರೂ ಆ ಮರುಕವನ್ನು ಬಹುಕಾಲ ಉಳಿಸಲಾರದು ಎಂಬುದನ್ನು ಎತ್ತಿ ತೋರಿಸುತ್ತದೆ.

ಚಿತ್ರದ ವಸ್ತುವಾದವರನ್ನೇ ಚಿತ್ರದ ಒಡೆಯರನ್ನಾಗಿ ಮಾಡುವ ಯೋಚನೆ ಬಲಗೊಂಡದ್ದು 1960ರ ದಶಕದಲ್ಲಿ. ಫ್ರಾನ್ಸಿನ ಚಿತ್ರನಿರ್ದೇಶಕ ಜಾನ್ ರೂಶ್ ತಾವು ಚಿತ್ರಿಸಿದವರಿಗೇ ಚಿತ್ರ ತೋರಿಸಿ ಅವರ ಅಭಿಪ್ರಾಯವನ್ನೂ ಚಿತ್ರದೊಳಗೆ ಸೇರಿಸಿದರು. 1966ರಲ್ಲಿ ಸಂಶೋಧಕರಾದ ಸಾಲ್ ವರ್ತ್ ಮತ್ತು ಜಾನ್ ಅಡೈರ್ ಅಮೆರಿಕದ ಅರಿಜೋನಾದಲ್ಲಿ ನವಾಹೊ ಜನರಿಗೆ ಕ್ಯಾಮೆರಾ ಬಳಕೆ ಕಲಿಸಿ, ಅವರು ಜಗತ್ತನ್ನು ಹೇಗೆ ಕಾಣುತ್ತಾರೆಂದು ಅರಿಯಲು ಯತ್ನಿಸಿದರು. ಆದರೆ ಪದ್ಧತಿಗೆ ಗಟ್ಟಿ ರೂಪ ಬಂದದ್ದು 1967ರಲ್ಲಿ, ಕೆನಡಾದ ಫೋಗೊ ದ್ವೀಪದಲ್ಲಿ. ಮೀನುಗಾರಿಕೆ ಕುಸಿದಿದ್ದ ಆ ದ್ವೀಪದ ಜನರನ್ನು ಬೇರೆಡೆಗೆ ಸಾಗಿಸುವ ಮಾತು ಸರ್ಕಾರದಲ್ಲಿ ನಡೆದಿತ್ತು. ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯ ಕಾಲಿನ್ ಲೋ, ಮೆಮೋರಿಯಲ್ ವಿಶ್ವವಿದ್ಯಾಲಯದ ಡೊನಾಲ್ಡ್ ಸ್ನೋಡೆನ್ ಅವರ ಸಹಕಾರದಿಂದ ದ್ವೀಪವಾಸಿಗಳ ಮಾತುಗಳನ್ನು ಹಲವು ಕಿರುಚಿತ್ರಗಳಾಗಿ ಸೆರೆಹಿಡಿದು, ಮೊದಲು ಅವರಿಗೇ ತೋರಿಸಿದರು. ಬೇಡವೆಂದದ್ದನ್ನು ತೆಗೆಯುವ ಹಕ್ಕು ಅವರಿಗಿತ್ತು. ಆಮೇಲೆ ಚಿತ್ರಗಳು ಆಳುವವರನ್ನು ತಲುಪಿದವು. ಸಚಿವರ ಉತ್ತರವೂ ಚಿತ್ರವಾಗಿ ದ್ವೀಪಕ್ಕೆ ಮರಳಿತು. ಜನ ಮೀನುಗಾರರ ಸಹಕಾರ ಸಂಘ ಕಟ್ಟಿಕೊಂಡು ಅಲ್ಲೇ ಉಳಿದರು. ಉಳಿದದ್ದಕ್ಕೆ ಚಿತ್ರವೊಂದೇ ಕಾರಣವೆಂದರೆ ಅತಿಶಯವಾದೀತು. ದ್ವೀಪದ ಜನ ಮೊದಲೇ ಸಂಘಟಿತರಾಗತೊಡಗಿದ್ದರು. ಆದರೂ ನೆಲೆ ತಪ್ಪುವ ಭಯದ ನಡುವೆಯೇ ಈ ಪದ್ಧತಿ ರೂಪುಗೊಂಡಿತೆಂಬುದು, ಮೊದಲ ಪ್ರೇಕ್ಷಕರು ಚಿತ್ರದಲ್ಲಿ ಇರುವವರೇ ಆಗಬೇಕೆಂಬ ನಿಯಮ ಅಲ್ಲಿ ಗಟ್ಟಿಯಾಯಿತೆಂಬುದು ಮುಖ್ಯ.

ಅದೇ ಹೊತ್ತಿಗೆ ಸೋನಿ ಕಂಪನಿ ಹೊರತಂದ, ಹೆಗಲಿಗೆ ಹಾಕಿಕೊಂಡು ಓಡಾಡಬಹುದಾದ ವಿಡಿಯೊ ಸಾಧನ ಈ ಕೆಲಸವನ್ನು ಅಗ್ಗವಾಗಿಸಿತು. ಫಿಲ್ಮ್ ತೊಳೆದು ಬರುವವರೆಗೆ ಕಾಯುವ ಅಗತ್ಯವಿಲ್ಲದ್ದರಿಂದ ತೆಗೆದದ್ದನ್ನು ಅಲ್ಲೇ ನೋಡಿ ಚರ್ಚಿಸಬಹುದಾಯಿತು. ಓದುಬರಹ ಬಾರದಿರುವುದು ಇದಕ್ಕೆ ಅಡ್ಡಿಯಲ್ಲ ಎಂಬುದನ್ನು ತೋರಿಸಿದ್ದು ಭಾರತ: 1984ರಲ್ಲಿ ಅಹಮದಾಬಾದಿನ 'ಸೇವಾ' ಹೆಸರಿನ ಸಂಘಟನೆಯ ದುಡಿಯುವ ಹೆಂಗಸರು ಅಮೆರಿಕದ ವಿಡಿಯೊ ನಿರ್ಮಾಪಕಿ ಮಾರ್ಥಾ ಸ್ಟುವರ್ಟ್ ಅವರಿಂದ ವಿಡಿಯೊ ಕಲಿತು ತಮ್ಮದೇ ಘಟಕ ಕಟ್ಟಿದರು, ಅವರಲ್ಲಿ ಹಲವರಿಗೆ ಅಕ್ಷರ ಬರುತ್ತಿರಲಿಲ್ಲ. ನಿರಾಶ್ರಿತ ಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟ ಕೆಲವು ಪ್ರಯತ್ನಗಳು 1990ರ ದಶಕದ ಕೊನೆಯಲ್ಲಿ ನಡೆದವು. 1982ರ ಹತ್ಯಾಕಾಂಡದ ನೆನಪು ಹೊತ್ತ, ಬೈರೂತಿನ ಪ್ಯಾಲೆಸ್ಟೈನ್ ನಿರಾಶ್ರಿತರ ಶತೀಲಾ ಶಿಬಿರದಲ್ಲಿ ಪ್ಯಾಲೆಸ್ಟೈನ್ ಮೂಲದ ನಿರ್ದೇಶಕಿ ಮೈ ಮಸ್ರಿ ಚಿಕ್ಕ ವಿಡಿಯೊ ಕ್ಯಾಮೆರಾಗಳನ್ನು ಮಕ್ಕಳಿಗೆ ಕೊಟ್ಟು, ಅವರು ತೆಗೆದದ್ದನ್ನು ತಮ್ಮ 1998ರ 'ಶತೀಲಾದ ಮಕ್ಕಳು' ಸಾಕ್ಷ್ಯಚಿತ್ರದಲ್ಲಿ ಸೇರಿಸಿಕೊಂಡರು. ಅದೇ ವರ್ಷ ನೇಪಾಳದಲ್ಲಿದ್ದ ಭೂತಾನಿ ನಿರಾಶ್ರಿತ ಎಳೆಯರಿಗೆ ಆರಂಭವಾದ ಛಾಯಾಗ್ರಹಣ ತರಗತಿ, ಮುಂದೆ ಲಂಡನ್ನಿನ ಫೋಟೊವಾಯ್ಸ್ ಸಂಸ್ಥೆಯ ಹುಟ್ಟಿಗೆ ಒಂದು ಬೇರಾಯಿತು. 1999ರಲ್ಲಿ ಕೊಸೊವೊ ನಿರಾಶ್ರಿತರಿಗೆ ಮ್ಯಾಸಿಡೋನಿಯಾದ ಶಿಬಿರಗಳಲ್ಲಿ ಚಿತ್ರ ತೋರಿಸಲು ಕ್ಯಾರೊಲಿನ್ ಬ್ಯಾರನ್ ಆರಂಭಿಸಿದ ಫಿಲ್ಮ್ಏಡ್ ಮುಂದೆ ಕೆನ್ಯಾದ ಕಾಕುಮಾ ಮತ್ತು ದಾದಾಬ್ ಶಿಬಿರಗಳಿಗೆ ಹೋಯಿತು. ತೋರಿಸುವ ಕೆಲಸ ಅಲ್ಲಿ ಕಲಿಸುವ ಕೆಲಸವಾಗಿ ಬೆಳೆಯಿತು. ಶಿಬಿರದ ತರುಣರು ತಾವು ಮಾಡಿದ ಚಿತ್ರಗಳನ್ನು ಶಿಬಿರದಲ್ಲೇ ನಡೆಯುವ ಉತ್ಸವದಲ್ಲಿ ನೆರೆಹೊರೆಗೆ ತೋರಿಸತೊಡಗಿದರು.

ಯೋಜನೆ ಮಾಡುವ ಹಿರಿಯರ ನಿರೀಕ್ಷೆಯನ್ನೇ ಅಲುಗಿಸಿದ ಪ್ರಯೋಗ ಯೂರೋಪಿನದು. 2001ರಿಂದ 2004ರವರೆಗೆ ಯೂರೋಪಿಯನ್ ಒಕ್ಕೂಟದ ನೆರವಿನಿಂದ ಬ್ರಿಟನ್, ಇಟಲಿ, ಸ್ವೀಡನ್, ಜರ್ಮನಿ, ನೆದರ್‌ಲ್ಯಾಂಡ್ಸ್, ಗ್ರೀಸ್ ದೇಶಗಳಲ್ಲಿ ಚಿಕಾಮ್ ಎಂಬ ಯೋಜನೆ ನಡೆಯಿತು. ನಿರಾಶ್ರಿತ ಮತ್ತು ವಲಸಿಗ ಕುಟುಂಬಗಳ 10ರಿಂದ 14 ವರ್ಷದ ಮಕ್ಕಳು ಮಾಧ್ಯಮ ಕೂಟಗಳಲ್ಲಿ ವಿಡಿಯೊ ಮಾಡಿ ಅಂತರ್ಜಾಲದ ಮೂಲಕ ದೇಶದಿಂದ ದೇಶಕ್ಕೆ ಕಳಿಸಿಕೊಂಡರು. ವಲಸೆಯ ನೋವು ತೆರೆಯ ಮೇಲೆ ಹರಿದೀತೆಂದು ಹಿರಿಯರು ಎಣಿಸಿದ್ದರೆ, ಬಹಳಷ್ಟು ಮಕ್ಕಳು ಆ ವಿಷಯವನ್ನು ನೇರವಾಗಿ ಮುಟ್ಟಲೇ ಇಲ್ಲ. ಗೆಳೆತನ, ಆಟ, ತಮಾಷೆ, ತಾವು ಟಿವಿಯಲ್ಲಿ ಕಂಡ ಬಗೆಯ ಕಥೆಗಳ ಕಡೆ ಅವರು ವಾಲಿದರು. ಯೋಜನೆಯನ್ನು ನಡೆಸಿದ ಲೀಸ್ಬೆತ್ ಡಿ ಬ್ಲಾಕ್ ಮತ್ತು ಡೇವಿಡ್ ಬಕಿಂಗ್‌ಹ್ಯಾಮ್ ಇದನ್ನು ಸೋಲೆಂದು ಬಗೆಯಲಿಲ್ಲ. ನಿರಾಶ್ರಿತ ಎಂಬ ಹಣೆಪಟ್ಟಿಯನ್ನು ಬದಿಗಿಟ್ಟು ಎಲ್ಲರಂತೆ ಒಬ್ಬ ಹುಡುಗ, ಒಬ್ಬ ಹುಡುಗಿ ಎನಿಸಿಕೊಳ್ಳುವ ಆಸೆಯೂ ನಿರಾಶ್ರಿತರ ಅನುಭವದ ಒಳಗಿನದೇ. ಅರಿವು ಮೂಡಿಸಬೇಕೆಂದಿದ್ದರೆ ಪ್ರೇಕ್ಷಕರು ಮೊದಲು ಅರಿಯಬೇಕಾದದ್ದು ಇದನ್ನೇ. ನೋವಿನ ಕಥೆಯನ್ನಷ್ಟೇ ಕೇಳುವ ಕಾರ್ಯಾಗಾರ, ಕ್ಯಾಮೆರಾವನ್ನು ಮಗುವಿನ ಕೈಗೆ ಕೊಟ್ಟೂ ಕತ್ತರಿಯನ್ನು ತನ್ನ ಕೈಯಲ್ಲೇ ಇಟ್ಟುಕೊಂಡಂತೆ.

ಅದೇ ಕಾಲದಲ್ಲೂ ಮುಂದಿನ ವರ್ಷಗಳಲ್ಲೂ ಈ ಪಾಠಕ್ಕೆ ಒಪ್ಪುವ ಯೋಜನೆಗಳು ಕಾಣುತ್ತವೆ. ಮಾಂಟ್ರಿಯಲ್‌ನ ಕಾನ್‌ಕಾರ್ಡಿಯಾ ವಿಶ್ವವಿದ್ಯಾಲಯದಲ್ಲಿ ಲಿಜ್ ಮಿಲ್ಲರ್ ಮತ್ತು ಸಂಗಡಿಗರು ನಡೆಸಿದ 'ಮ್ಯಾಪಿಂಗ್ ಮೆಮೊರೀಸ್' ಯೋಜನೆಯಲ್ಲಿ ನಿರಾಶ್ರಿತ ತರುಣರು ತಮ್ಮ ಕಥೆಗಳನ್ನು ನಗರದ ಜಾಗಗಳಿಗೆ ಹೊಂದಿಸಿ ಹೇಳಿದರು. ಆ ಅನುಭವದಿಂದ 2011ರಲ್ಲಿ ಹೊರಬಂದ ಪುಸ್ತಕ ಶಿಕ್ಷಕರಿಗೂ ಕಾರ್ಯಕರ್ತರಿಗೂ ಕೈಪಿಡಿಯಾಯಿತು. ಕಥೆ ಸಂಕಟದಿಂದ ಆರಂಭವಾಗಿ ಸಂಕಟದಲ್ಲೇ ಮುಗಿಯಲಿಲ್ಲ. ಹೊಸ ಊರಿನ ರಸ್ತೆ, ಮನೆ, ಶಾಲೆಗಳು ಅದರೊಳಗೆ ಬಂದವು. 2009ರಲ್ಲಿ ವಿಶ್ವಸಂಸ್ಥೆಯ ನಾಗರಿಕತೆಗಳ ಮೈತ್ರಿಕೂಟ ಮತ್ತು ಅಂತರರಾಷ್ಟ್ರೀಯ ವಲಸೆ ಸಂಸ್ಥೆ ಸೇರಿ ಆರಂಭಿಸಿದ ಪ್ಲೂರಲ್ ಪ್ಲಸ್ ವಿಡಿಯೊ ಉತ್ಸವ, ವಲಸೆ ಮತ್ತು ಬಹುತ್ವದ ಬಗ್ಗೆ 25 ವರ್ಷದೊಳಗಿನವರು ಮಾಡಿದ ಕಿರುಚಿತ್ರಗಳಿಗೆ ಜಾಗತಿಕ ವೇದಿಕೆ ಕೊಟ್ಟಿತು. ಎಲ್ಲಕ್ಕಿಂತ ಆಳವಾದ ಬೇರು ಬಿಟ್ಟದ್ದು ಅಲ್ಜೀರಿಯಾದ ಟಿಂಡೂಫ್ ಬಳಿಯ ಮರುಭೂಮಿಯಲ್ಲಿ. 1970ರ ದಶಕದ ನಡುವಿನಿಂದ ಅಲ್ಲಿ ನೆಲೆಸಿರುವ ಪಶ್ಚಿಮ ಸಹಾರಾದ ನಿರಾಶ್ರಿತರ ನಡುವೆ 2003ರಲ್ಲಿ ಚಿತ್ರೋತ್ಸವವೊಂದು ಹುಟ್ಟಿತು. ಮುಂದೆ ಶಿಬಿರದ ತರುಣ ತರುಣಿಯರಿಗಾಗಿ ಚಲನಚಿತ್ರ ಶಾಲೆಯೇ ತೆರೆಯಿತು. ಹೊರಗಿನವರು ಬಂದು ಎರಡು ವಾರ ಕಲಿಸಿ ಹೋಗುವುದಕ್ಕೂ ಶಿಬಿರದಲ್ಲೇ ಕಲಿಕೆ ನೆಲೆಯೂರುವುದಕ್ಕೂ ಇರುವ ಅಂತರ ದೊಡ್ಡದು.

2015ರ ಆಸುಪಾಸಿನಲ್ಲಿ ಹೊಸ ತಂತ್ರಗಳು, ಮುಖ್ಯವಾಗಿ ಮೊಬೈಲ್ ಫೋನ್, ಈ ಚರಿತ್ರೆಯ ದಿಕ್ಕನ್ನು ಇನ್ನೊಮ್ಮೆ ತಿರುಗಿಸಿದವು. ಆ ವರ್ಷ ವಿಶ್ವಸಂಸ್ಥೆಯ ಆಶ್ರಯದಲ್ಲಿ ಬಂದ 'ಕ್ಲೌಡ್ಸ್ ಓವರ್ ಸಿದ್ರಾ' ಜೋರ್ಡಾನಿನ ಜಾತರಿ ಶಿಬಿರದ ಹನ್ನೆರಡು ವರ್ಷದ ಬಾಲಕಿಯ ದಿನಚರಿಯನ್ನು ಸುತ್ತಲೂ ಕಾಣುವ ಹೊಸ ತಂತ್ರದಲ್ಲಿ ತೋರಿಸಿ ಹೆಸರಾಯಿತು. ತಂತ್ರ ಹೊಸದಾದರೂ ಅಲ್ಲಿ ಬಾಲಕಿ ಚಿತ್ರದ ವಸ್ತುವಾಗಿಯೇ ಉಳಿದಳು. 2016ರ 'ಲೆ ಸೊತೋರ್' ಬೇರೆ ದಾರಿ ಹಿಡಿಯಿತು. ಮೊರಾಕೊದ ಗುರುಗು ಬೆಟ್ಟದಲ್ಲಿ ಯೂರೋಪಿಗೆ ಸೇರಿದ ನೆಲದ ಗಡಿಬೇಲಿ ದಾಟಲು ಕಾಯುತ್ತಿದ್ದ ಮಾಲಿ ದೇಶದ ಅಬೂ ಬಕರ್ ಸಿದಿಬೆಗೆ ಇಬ್ಬರು ನಿರ್ದೇಶಕರು ಕ್ಯಾಮೆರಾ ಕೊಟ್ಟರು, ನಿರ್ದೇಶಕನ ಸ್ಥಾನವನ್ನೂ ಹಂಚಿಕೊಂಡರು. 2017ರಲ್ಲಿ ನಿರಾಶ್ರಿತ ಬೆಹ್ರೂಜ್ ಬೂಚಾನಿ, ಆಸ್ಟ್ರೇಲಿಯಾ ಆಶ್ರಯ ಕೋರಿ ಬಂದವರನ್ನು ಇಡುತ್ತಿದ್ದ ಮಾನುಸ್ ದ್ವೀಪದ ಬಂಧನ ಕೇಂದ್ರದೊಳಗೆ ಫೋನಿನಲ್ಲಿ ಗುಟ್ಟಾಗಿ ತೆಗೆದದ್ದನ್ನು ನೆದರ್‌ಲ್ಯಾಂಡ್ಸಿನಲ್ಲಿದ್ದ ಸಹನಿರ್ದೇಶಕರಿಗೆ ಕಳಿಸಿ ಪೂರ್ಣ ಚಿತ್ರ ಮಾಡಿದರು. 2019ರ 'ಮಿಡ್‌ನೈಟ್ ಟ್ರಾವೆಲರ್' ಚಿತ್ರದಲ್ಲಿ ಅಫ್ಘಾನಿಸ್ತಾನದ ಹಸನ್ ಫಜೀಲಿ, ಅವರ ಪತ್ನಿ ಮತ್ತು ಹೆಣ್ಣುಮಕ್ಕಳು ಯೂರೋಪಿನತ್ತ ತಮ್ಮ ಪಲಾಯನವನ್ನು ಮೂರು ಫೋನುಗಳಲ್ಲಿ ದಾಖಲಿಸಿದರು. ಇವರೆಲ್ಲ ಎಳೆಯರಲ್ಲ, ಇವು ಕಾರ್ಯಾಗಾರದ ಚಿತ್ರಗಳೂ ಅಲ್ಲ. ಆದರೆ ಸಾಧನ ಎಲ್ಲರ ಜೇಬಿಗೆ ಬಂದ ಮೇಲೆ ಉಳಿದ ಪ್ರಶ್ನೆ ತೀರ್ಮಾನದ ಹಂಚಿಕೆಯದೇ ಎಂಬುದನ್ನು ಇವು ತೋರಿಸಿಕೊಟ್ಟವು.

ಒಟ್ಟಾಗಿ ಚಿತ್ರ ಮಾಡುವುದರಿಂದ ಅರಿವು ಹೇಗೆ ಹುಟ್ಟುತ್ತದೆ? ಇದಕ್ಕೆ ಹಳೆಯದೊಂದು ಉತ್ತರವಿದೆ. ಬೇರೆ ಬೇರೆ ಗುಂಪಿನವರು ಸುಮ್ಮನೆ ಎದುರಾದ ಮಾತ್ರಕ್ಕೆ ಪೂರ್ವಗ್ರಹ ಕರಗದು. ಸಮಾನ ಸ್ಥಾನ, ಒಂದೇ ಗುರಿ, ಪರಸ್ಪರ ಸಹಕಾರ, ಸಂಸ್ಥೆಗಳ ಬೆಂಬಲ ಈ ನಾಲ್ಕೂ ಕೂಡಿದಾಗ ಅದು ಸಡಿಲವಾಗುತ್ತದೆ ಎಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಬರೆದರು. ಚಿತ್ರತಂಡದಲ್ಲಿ ಈ ನಾಲ್ಕೂ ಒದಗಬಲ್ಲವು. ಒಬ್ಬ ಕ್ಯಾಮೆರಾ ಹಿಡಿದರೆ ಇನ್ನೊಬ್ಬಳು ಮೈಕ್ ಹಿಡಿಯಬೇಕು. ಸ್ಥಳೀಯ ಹುಡುಗನಿಗೆ ಊರು ಗೊತ್ತು, ನಿರಾಶ್ರಿತ ಹುಡುಗಿಗೆ ಕಥೆ ಗೊತ್ತು. ಯಾವ ದೃಶ್ಯವನ್ನು ಬಿಡಬೇಕೆಂದು ಸಂಕಲನದ ಮೇಜಿನ ಮುಂದೆ ವಾದಿಸುವಾಗ, ಆಕೆಗೆ ಅದು ಯಾಕೆ ಬೇಡ ಎಂಬುದನ್ನು ಆತ ಕೇಳಲೇಬೇಕಾಗುತ್ತದೆ. ಹತ್ತು ನಿಮಿಷದ ಚಿತ್ರ ನೋಡಿದವನಿಗೆ ಸಿಗದ ತಿಳಿವಳಿಕೆ ಅದನ್ನು ಜೊತೆಗೂಡಿ ಮಾಡಿದವನಿಗೆ ಸಿಗುತ್ತದೆ.

ಈ ಪದ್ಧತಿಯ ಮೇಲಿನ ಆಕ್ಷೇಪಗಳು ಗಂಭೀರವಾದವು. ಮೊದಲನೆಯದು ಗಾಯವನ್ನು ಮತ್ತೆ ಕೆದಕುವುದು ಮತ್ತು ಸುರಕ್ಷತೆ. ಹದಿನೈದರ ಹರೆಯದಲ್ಲಿ ಕೊಟ್ಟ ಒಪ್ಪಿಗೆ ಇಪ್ಪತ್ತೈದಕ್ಕೆ ಕಾಡಬಹುದು. ಅಂತರ್ಜಾಲಕ್ಕೆ ಏರಿದ ಮುಖ ತಾಯ್ನಾಡಿನಲ್ಲಿ ಉಳಿದ ಬಂಧುಗಳಿಗೆ ಆಪತ್ತು ತರಬಹುದು. ಮುಖ ಮರೆಮಾಡುವುದು, ಒಪ್ಪಿಗೆಯನ್ನು ಪ್ರತಿ ಹಂತದಲ್ಲೂ ಹೊಸದಾಗಿ ಕೇಳುವುದು, ಚಿತ್ರವನ್ನು ಹಿಂತೆಗೆದುಕೊಳ್ಳುವ ಹಕ್ಕು ಕೊಡುವುದು ಇದಕ್ಕೆ ಪರಿಹಾರ; ಇವೆಲ್ಲವೂ ಕತ್ತರಿ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯ ಬೇರೆ ಬೇರೆ ರೂಪಗಳು. ಎರಡನೆಯದು ಇನ್ನೂ ಹರಿತ: ಇದು ಹಣ ಕೊಡುವವರಿಗೆ ಬೇಕಾದ ಧ್ವನಿಯನ್ನು ನಿರಾಶ್ರಿತರ ಬಾಯಿಂದ ಆಡಿಸುವ ಉಪಾಯ. ಆಸ್ಟ್ರೇಲಿಯಾದಲ್ಲಿ ನಿರಾಶ್ರಿತರೇ ನಡೆಸುವ ರೈಸ್ ಸಂಘಟನೆಯ ತಾನಿಯಾ ಕಾನ್ಯಾಸ್ 2015ರಲ್ಲಿ ಹೊರಗಿನ ಕಲಾವಿದರಿಗೆ ಹತ್ತು ಎಚ್ಚರಿಕೆಗಳನ್ನು ಬರೆದು, ನಿರಾಶ್ರಿತರು ಯಾರದೋ ಕಲೆಗೆ ಕಚ್ಚಾಮಾಲಲ್ಲ ಎಂದು ನೆನಪಿಸಿದರು. ಈ ಟೀಕೆಯನ್ನು ಪೂರ್ತಿ ಒಪ್ಪಲೇಬೇಕು. ಹಾಗೆಂದು ಪದ್ಧತಿಯನ್ನು ಕೈಬಿಟ್ಟರೆ ಹಳೆಯ ಮೂಕ ಚಿತ್ರಗಳೇ ಉಳಿಯುತ್ತವೆ. ಮೂರನೆಯದು, ಇಂಥ ಚಿತ್ರಗಳನ್ನು ನೋಡುವವರು ಕಡಿಮೆ, ಕಾನೂನು ಇವುಗಳಿಂದ ಬದಲಾಗದು ಎಂಬುದು. ನಿಜ, ಲಕ್ಷಾಂತರ ಮಂದಿ ನೋಡುವುದಿಲ್ಲ. ಆದರೆ ಲಕ್ಷಾಂತರ ಮಂದಿ ನೋಡಿದ ಒಂದು ಚಿತ್ರದ ಪ್ರಭಾವ ಆರು ವಾರದಲ್ಲಿ ಬಾಡಿದ್ದನ್ನು ಕಂಡಿದ್ದೇವೆ. ಒಂದು ಶಾಲೆ, ಒಂದು ಬೀದಿ, ಒಂದು ಪಂಚಾಯಿತಿಯಲ್ಲಿ ಜೊತೆಗೂಡಿ ನೋಡಿ ಚರ್ಚಿಸಿದ ಚಿತ್ರ ನೆರೆಮನೆಯವರ ನಡತೆಯನ್ನು ತಿದ್ದಬಲ್ಲದು, ಮತ್ತು ನಿರಾಶ್ರಿತನ ದಿನದಿನದ ಬದುಕನ್ನು ನಿರ್ಧರಿಸುವುದು ಆ ನಡತೆಯೇ.

ಕನ್ನಡನಾಡಿಗೂ ಈ ಮಾತು ದೂರದ್ದಲ್ಲ. ಭಾರತ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲವಾದರೂ ಆಶ್ರಯ ಕೊಟ್ಟ ನೆಲ ಇದು. 1960ರ ದಶಕದಿಂದ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ಟಿಬೆಟನ್ನರ ನೆಲೆಗಳಿವೆ. ಸಿಂಧನೂರಿನ ಸುತ್ತ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳ ಊರುಗಳನ್ನು ಜನ ಇಂದಿಗೂ ಕ್ಯಾಂಪ್ ಎಂದೇ ಕರೆಯುತ್ತಾರೆ. ಅಲ್ಲಿ ಹುಟ್ಟಿ ಬೆಳೆದ ಮಕ್ಕಳಲ್ಲೂ ಪಕ್ಕದ ಹಳ್ಳಿಯ ಮಕ್ಕಳಲ್ಲೂ ಹಲವರಿಗೆ ಫೋನ್ ಕೈಗೆ ಎಟುಕುತ್ತದೆ. ಶಿಕ್ಷಕರು ಎರಡೂ ಗುಂಪಿನವರನ್ನು ಒಂದೇ ತಂಡದಲ್ಲಿ ಕೂರಿಸಲಿ. ಏನನ್ನು ತೋರಿಸಬೇಕು, ಏನನ್ನು ಬಿಡಬೇಕು ಎಂಬುದನ್ನು ಆ ಮಕ್ಕಳೇ ತೀರ್ಮಾನಿಸಲಿ. ಮೊದಲ ಪ್ರದರ್ಶನ ಅವರವರ ಊರಿನಲ್ಲೇ ನಡೆಯಲಿ.