ಗೊಂಬೆಗೆ ನಡಿಗೆ ಕಲಿಸಿದ ಕಥೆ

ಮುಂಜಾನೆ ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಲ್ಲಿ ಬಸ್ಸು ಹಿಡಿಯಲು ಹೊರಟವರ ಕಾಲುಗಳತ್ತ ಯಾರೂ ನೋಡುವುದಿಲ್ಲ. ಪೀಣ್ಯದ ಕಾರ್ಖಾನೆಗೆ ಹೊರಟ ಕಾರ್ಮಿಕ, ಗಾರ್ಮೆಂಟ್ಸ್‌ಗೆ ಅವಸರದಿಂದ ಸಾಗುವ ತಾಯಿ, ಬೆನ್ನಿಗೆ ಭಾರದ ಚೀಲ ಹೊತ್ತ ಶಾಲಾ ಬಾಲಕ, ಊರುಗೋಲು ಹಿಡಿದು ಹಾಲು ತರಲು ಹೊರಟ ಅಜ್ಜ - ಇವರೆಲ್ಲರೂ ಅಗೆದ ರಸ್ತೆಯನ್ನೂ ಅಲುಗಾಡುವ ಚಪ್ಪಡಿಯನ್ನೂ ದಾಟಿ ಬೀಳದೆ ಸಾಗುತ್ತಾರೆ. ಇದರಲ್ಲೇನು ವಿಶೇಷ ಎಂದು ನಾವು ಕೇಳಬಹುದು. ಆದರೆ ಚದುರಂಗದ ವಿಶ್ವ ಚಾಂಪಿಯನ್ ಕಾಸ್ಪರೋವ್‌ರನ್ನು ಕಂಪ್ಯೂಟರೊಂದು 1997ರಲ್ಲೇ ಸೋಲಿಸಿತು. ಈ ಅಜ್ಜನಂತೆ ಹೆಜ್ಜೆ ಹಾಕಬಲ್ಲ ಯಂತ್ರವನ್ನು ಮಾತ್ರ ಅಂದು ಯಾರೂ ಮಾಡಿರಲಿಲ್ಲ.

ಕಾರಣ ಸರಳವಾಗಿದೆ. ಬೀಳುತ್ತಲೇ ಬೀಳದಂತೆ ತಡೆದುಕೊಳ್ಳುವುದೇ ನಡಿಗೆ. ದೇಹದ ಭಾರವನ್ನು ಮುಂದಕ್ಕೆ ಬೀಳಗೊಟ್ಟು, ಬಿದ್ದೇಬಿಡುವ ಮುನ್ನ ಇನ್ನೊಂದು ಪಾದವನ್ನು ಊರುತ್ತೇವೆ. ಸಾಧಾರಣ ನಡಿಗೆಯ ಒಂದು ಸುತ್ತಿನಲ್ಲಿ ಪ್ರತಿ ಪಾದವೂ ಶೇಕಡಾ 60ರಷ್ಟು ಕಾಲ ನೆಲದ ಮೇಲಿದ್ದು, ಉಳಿದ 40ರಷ್ಟು ಕಾಲ ತೊಟ್ಟಿಲಿನಂತೆ ತೂಗುತ್ತದೆ. ಹಿಮ್ಮಡಿ ಮೊದಲು ನೆಲ ಮುಟ್ಟುತ್ತದೆ, ಕೊನೆಗೆ ಹೆಬ್ಬೆರಳು ನೆಲವನ್ನು ಹಿಂದಕ್ಕೆ ತಳ್ಳುತ್ತದೆ; ಸೊಂಟ ತುಸು ವಾಲುತ್ತದೆ, ಎಡಗಾಲಿನೊಡನೆ ಬಲಗೈ ಬೀಸುತ್ತದೆ. ಇಷ್ಟೆಲ್ಲವನ್ನೂ ನಾವು ಅರಿಯದೆಯೇ ಮಾಡುತ್ತೇವೆ.

ಮನುಷ್ಯರೂಪದ ಪುಟ್ಟ ಯಂತ್ರವನ್ನು ನಡೆಸಬೇಕೆಂಬ ಆಸೆ ಹೊಸದಲ್ಲ. ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿ ಸುಮಾರು 1560ರ ಕಾಲದ್ದೆನ್ನಲಾದ ಸನ್ಯಾಸಿಯ ಗೊಂಬೆಯೊಂದಿದೆ. ಮರ ಮತ್ತು ಕಬ್ಬಿಣದ ಈ ಗೊಂಬೆಯ ಎತ್ತರ ಸುಮಾರು 40 ಸೆಂಟಿಮೀಟರ್. ಚಕ್ರವರ್ತಿ ಐದನೆಯ ಚಾರ್ಲ್ಸನ ಗಡಿಯಾರ ಕುಶಲಿ ಹ್ವಾನೆಲೊ ತುರಿಯಾನೊ ಇದನ್ನು ರಚಿಸಿರಬೇಕೆಂದು ಊಹಿಸುತ್ತಾರೆ. ಕೀಲಿ ಕೊಟ್ಟರೆ ಈ ಸನ್ಯಾಸಿ ಎದೆ ಬಡಿದುಕೊಳ್ಳುತ್ತಾನೆ, ಶಿಲುಬೆಯನ್ನೆತ್ತಿ ತುಟಿಗೊತ್ತುತ್ತಾನೆ, ತಲೆ ತಿರುಗಿಸುತ್ತಾನೆ, ಮುಂದೆ ಸಾಗುತ್ತಾನೆ. ನಿಲುವಂಗಿಯ ಕೆಳಗೆ ಪಾದಗಳು ಮೇಲೆ ಕೆಳಗೆ ಆಡುತ್ತವೆ. ಆದರೆ ನಿಜವಾಗಿ ಅವನನ್ನು ಮುಂದಕ್ಕೊಯ್ಯುವುದು ನಿಲುವಂಗಿ ಮುಚ್ಚಿದ ಗಾಲಿಗಳು. ಪ್ರಾರ್ಥನೆಯ ಭಂಗಿಯನ್ನು ಅನುಕರಿಸಬಲ್ಲ ಕುಶಲಿಗೂ ಎರಡು ಕಾಲಿನ ನಡಿಗೆ ಕೈಗೆಟುಕಲಿಲ್ಲ.

ನಮ್ಮ ನಾಡಿನಲ್ಲಿ ಈ ಸಮಸ್ಯೆಯನ್ನು ಬೇರೊಂದು ರೀತಿಯಲ್ಲಿ ಬಿಡಿಸಿದವರು ಸೂತ್ರದ ಗೊಂಬೆಯಾಟದವರು. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ದಿವಂಗತ ಕೊಗ್ಗ ದೇವಣ್ಣ ಕಾಮತರ ಮನೆತನ ತಲೆಮಾರುಗಳಿಂದ ಉಳಿಸಿಕೊಂಡು ಬಂದಿರುವ ಯಕ್ಷಗಾನ ಗೊಂಬೆಯಾಟವನ್ನು ಹಲವರು ಬಲ್ಲರು. ಇಂತಹ ಗೊಂಬೆಗಳಿಗೆ ಭುಜ, ಮೊಣಕೈ, ಸೊಂಟ, ಮೊಣಕಾಲುಗಳಲ್ಲಿ ಕೀಲುಗಳಿವೆ. ಆಡಿಸುವುದು ಐದರಿಂದ ಏಳು ದಾರಗಳಿಂದ. ಕೀಲುಗಳಿಗಿಂತ ದಾರಗಳು ಕಡಿಮೆ ಎಂಬುದನ್ನು ಗಮನಿಸಬೇಕು. ಸೂತ್ರಧಾರ ಪ್ರತಿ ಕೀಲನ್ನೂ ಎಳೆಯುವುದಿಲ್ಲ. ಮೊಣಕಾಲನ್ನು ಎತ್ತಿ ಬಿಡುತ್ತಾನೆ, ಪಾದ ತನ್ನ ಭಾರದಿಂದಲೇ ತೂಗಿ ಇಳಿಯುತ್ತದೆ. ಅರ್ಧ ಕೆಲಸವನ್ನು ಭೂಮಿಯ ಸೆಳೆತವೇ ಮಾಡಿಕೊಡುತ್ತದೆ. ಆದರೂ ಗೊಂಬೆಗೆ ಒಂದು ಅನುಕೂಲವಿದೆ: ಮೇಲಿನಿಂದ ಹಿಡಿದ ಕೈ ಇರುವುದರಿಂದ ಅದು ಬೀಳದು. ದಾರವಿಲ್ಲದೆ ನಿಲ್ಲಬೇಕಾದ ಯಂತ್ರಕ್ಕೆ ಆ ಭಾಗ್ಯವಿಲ್ಲ.

ಯೂರೋಪಿನ ವಿದ್ವಾಂಸರು ಹತ್ತೊಂಬತ್ತನೆಯ ಶತಮಾನದಲ್ಲಿ ನಡಿಗೆಯನ್ನು ಅಳೆಯತೊಡಗಿದರು. ಜರ್ಮನಿಯ ವೇಬರ್ ಸಹೋದರರು 1836ರಲ್ಲಿ ಮಾನವ ನಡಿಗೆಯ ಯಂತ್ರಶಾಸ್ತ್ರವನ್ನು ಕುರಿತು ಗ್ರಂಥ ಬರೆದು, ತೂಗುವ ಕಾಲು ಗಡಿಯಾರದ ಲೋಲಕದಂತೆ ಎಂದು ವಾದಿಸಿದರು. ಬಳಿಕ ಫ್ರಾನ್ಸಿನ ಮಾರೇ ಮತ್ತು ಅಮೆರಿಕದಲ್ಲಿ ನೆಲೆಸಿದ್ದ ಮೈಬ್ರಿಜ್ ಛಾಯಾಚಿತ್ರಗಳ ಮೂಲಕ ಒಂದೊಂದು ಹೆಜ್ಜೆಯನ್ನೂ ಬಿಡಿಬಿಡಿಯಾಗಿ ತೋರಿಸಿದರು.

ಯಂತ್ರವನ್ನು ನಿಜಕ್ಕೂ ಎರಡು ಕಾಲಿನ ಮೇಲೆ ನಡೆಸಿದ ಕೀರ್ತಿಯ ಬಹುಪಾಲು ಜಪಾನಿಗೆ ಸಲ್ಲುತ್ತದೆ. ವಾಸೆದಾ ವಿಶ್ವವಿದ್ಯಾನಿಲಯದ ಇಚಿರೋ ಕಾಟೊ ಅವರ ತಂಡ 1973ರಲ್ಲಿ ವಾಬಾಟ್-1 ಎಂಬ ಪೂರ್ಣಪ್ರಮಾಣದ ಯಂತ್ರಮಾನವನನ್ನು ಸಿದ್ಧಪಡಿಸಿತು. ಹೋಂಡಾ ಕಂಪನಿ 1986ರಲ್ಲಿ ತಯಾರಿಸಿದ ಮೊದಲ ಕಾಲುಗಳಿಗೆ ಒಂದು ಹೆಜ್ಜೆ ಇಡಲು ಸುಮಾರು ಐದು ಸೆಕೆಂಡ್ ಬೇಕಾಗುತ್ತಿತ್ತು. ಅದೇ ಕಂಪನಿ 2000ದಲ್ಲಿ 120 ಸೆಂಟಿಮೀಟರ್ ಎತ್ತರದ ಅಸಿಮೋವನ್ನು ಜಗತ್ತಿನ ಮುಂದೆ ನಿಲ್ಲಿಸಿತು. ಇವುಗಳ ಹಿಂದಿದ್ದದ್ದು ಯುಗೊಸ್ಲಾವಿಯದ ವುಕೊಬ್ರಾತೊವಿಚ್ ರೂಪಿಸಿದ ಸೂತ್ರ: ದೇಹದ ಭಾರವೂ ಚಲನೆಯ ಒತ್ತಡವೂ ಸೇರಿ ನೆಲವನ್ನು ಒತ್ತುವ ಬಿಂದು ಅಂಗಾಲಿನ ಎಲ್ಲೆಯೊಳಗೇ ಇರಬೇಕು. ಆಗ ಯಂತ್ರ ಬೀಳದು. ಆದರೆ ಅದಕ್ಕಾಗಿ ಮೊಣಕಾಲು ಸದಾ ಮಡಿಸಿ, ಪಾದವನ್ನು ಚಪ್ಪಟೆಯಾಗಿ ಊರಿ, ಕೆಸರಿನಲ್ಲಿ ಸಾಗುವವರಂತೆ ಎಚ್ಚರದಿಂದ ನಡೆಯಬೇಕಾಯಿತು. ತೂಕಕ್ಕೆ ಹೋಲಿಸಿದರೆ ಅಸಿಮೋ ಮನುಷ್ಯನ ಹತ್ತು ಪಟ್ಟಾದರೂ ಶಕ್ತಿ ವ್ಯಯಿಸುತ್ತಿತ್ತೆಂದು ಅಮೆರಿಕದ ಸಂಶೋಧಕರು 2005ರಲ್ಲಿ ಲೆಕ್ಕ ಹಾಕಿದರು.

ಗೊಂಬೆಯಾಟದವರ ದಾರಿಗೆ ವಿಜ್ಞಾನವೂ ಬಂದು ಸೇರಿದ್ದು 1990ರಲ್ಲಿ. ಕೆನಡಾದ ಟ್ಯಾಡ್ ಮೆಕ್‌ಗಿಯರ್ ಮೋಟಾರೂ ಇಲ್ಲದ, ಮಿದುಳೂ ಇಲ್ಲದ ಕಾಲುಗಳ ಜೋಡಣೆಯೊಂದನ್ನು ಸಣ್ಣ ಇಳಿಜಾರಿನಲ್ಲಿ ಬಿಟ್ಟಾಗ ಅದು ತಾನಾಗಿಯೇ ಹೆಜ್ಜೆ ಹಾಕಿತು. ಕಾಲುಗಳ ಉದ್ದ, ತೂಕ, ಪಾದದ ಬಾಗು ಸರಿಯಿದ್ದರೆ ನಡಿಗೆ ತಾನಾಗಿ ಒದಗುತ್ತದೆ ಎಂದು ಅವರು ತೋರಿಸಿದರು. ಇದೇ ತತ್ತ್ವವನ್ನು ಬೆಳೆಸಿ ಕಾರ್ನೆಲ್ ವಿಶ್ವವಿದ್ಯಾನಿಲಯದವರು ರಚಿಸಿದ ರೇಂಜರ್ ಎಂಬ ಯಂತ್ರ 2011ರ ಮೇ ತಿಂಗಳಲ್ಲಿ ಒಮ್ಮೆ ಮಾತ್ರ ಬ್ಯಾಟರಿ ತುಂಬಿಸಿಕೊಂಡು 65 ಕಿಲೋಮೀಟರ್ ನಡೆಯಿತು.

ಪುಟ್ಟ ಯಂತ್ರಮಾನವರ ಕಷ್ಟ ಇನ್ನೊಂದು ಬಗೆಯದು. ಲೋಲಕ ಗಿಡ್ಡವಾದಷ್ಟೂ ಬೇಗ ತೂಗುತ್ತದೆ. ಎತ್ತರ ನಾಲ್ಕನೆಯ ಒಂದು ಭಾಗವಾದರೆ ಸಮಯ ಅರ್ಧಕ್ಕಿಳಿಯುತ್ತದೆ. ಅಪ್ಪನ ಒಂದು ಹೆಜ್ಜೆಗೆ ಮಗು ಎರಡು ಮೂರು ಪುಟುಪುಟು ಹೆಜ್ಜೆ ಹಾಕುವುದೂ ಇದರಿಂದಲೇ. ಹಾಗಾಗಿ 58 ಸೆಂಟಿಮೀಟರಿನ ನಾವೋ ಎಂಬಂತಹ ಯಂತ್ರಕ್ಕೆ ವಾಲಿದಾಗ ಸಾವರಿಸಿಕೊಳ್ಳಲು ಸಿಗುವ ಕಾಲ ಬಹಳ ಕಡಿಮೆ. ಆದರೆ ಚಿಕ್ಕದಕ್ಕೆ ಒಂದು ವರವೂ ಇದೆ: ಬಿದ್ದರೆ ಹೆಚ್ಚು ಪೆಟ್ಟಾಗದು, ಎದ್ದು ಮತ್ತೆ ಯತ್ನಿಸಬಹುದು. ಇತ್ತೀಚಿನ ಯಂತ್ರಗಳು ಕಂಪ್ಯೂಟರಿನೊಳಗಿನ ಕಲ್ಪಿತ ನೆಲದ ಮೇಲೆ ಲೆಕ್ಕವಿಲ್ಲದಷ್ಟು ಬಾರಿ ಬಿದ್ದು ಬಿದ್ದೇ ನಡೆಯಲು ಕಲಿಯುತ್ತವೆ. 2025ರ ಏಪ್ರಿಲ್ 19ರಂದು ಬೀಜಿಂಗ್‌ನಲ್ಲಿ ಮನುಷ್ಯರೊಡನೆ 21 ಕಿಲೋಮೀಟರ್ ಓಟಕ್ಕಿಳಿದ ಯಂತ್ರಮಾನವರಲ್ಲಿ ಮೊದಲನೆಯದು 2 ಗಂಟೆ 40 ನಿಮಿಷಗಳಲ್ಲಿ ಗುರಿ ಮುಟ್ಟಿತು. ಹಲವು ದಾರಿಯಲ್ಲೇ ಮುಗ್ಗರಿಸಿದವು.

ನಮ್ಮ ಬೆಂಗಳೂರು ಈ ಕಥೆಯಲ್ಲಿ ಎಲ್ಲಿದೆ? ಇಲ್ಲಿ ತಯಾರಾಗಿ 2017ರಲ್ಲಿ ಹೈದರಾಬಾದಿನಲ್ಲಿ ಪ್ರಧಾನಿಯವರನ್ನು ಸ್ವಾಗತಿಸಿದ 'ಮಿತ್ರ' ಸಾಗುವುದು ಗಾಲಿಗಳ ಮೇಲೆ, ಆ ಹಳೆಯ ಸನ್ಯಾಸಿಯಂತೆಯೇ. ಇಸ್ರೋ ಸಂಸ್ಥೆ ಗಗನಯಾನಕ್ಕಾಗಿ ರೂಪಿಸಿ 2020ರ ಜನವರಿಯಲ್ಲಿ ಇಲ್ಲಿ ಪರಿಚಯಿಸಿದ 'ವ್ಯೋಮಮಿತ್ರ'ಳಿಗೆ ಕಾಲುಗಳೇ ಇಲ್ಲ. ಬಾಹ್ಯಾಕಾಶದಲ್ಲಿ ಅವುಗಳ ಅಗತ್ಯವೂ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ 'ಸ್ಟಾಕ್' ನಡೆಯುತ್ತದೆ, ಆದರೆ ನಾಲ್ಕು ಕಾಲಿನ ಮೇಲೆ. ಎರಡು ಕಾಲಿನ ನಡಿಗೆ ಎಷ್ಟು ದುಬಾರಿ ವಿದ್ಯೆ ಎಂಬುದಕ್ಕೆ ಇವೇ ಸಾಕ್ಷಿ.

ಇಷ್ಟೆಲ್ಲ ಶ್ರಮ ಯಾತಕ್ಕೆ, ಆಟಿಕೆಗಾಗಿಯೇ ಎಂದು ಕೇಳುವವರಿಗೆ ಉತ್ತರವಿದೆ. ಯಂತ್ರಕ್ಕೆ ನಡಿಗೆ ಕಲಿಸಲು ಹೊರಟವರು ಬಿಡಿಸುತ್ತಿರುವುದು ಮನುಷ್ಯನ ನಡಿಗೆಯ ಗುಟ್ಟನ್ನೇ. ಅಪಘಾತದಲ್ಲೋ ಮಧುಮೇಹದಿಂದಲೋ ಕಾಲು ಕಳೆದುಕೊಂಡವರಿಗೆ ಆ ಗುಟ್ಟು ಜೀವನದ ಪ್ರಶ್ನೆ. 1968ರಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ವೈದ್ಯ ಪಿ. ಕೆ. ಸೇಥಿ ರೂಪಿಸಿದ ಜೈಪುರ ಕಾಲು, ಬರಿಗಾಲಿನಲ್ಲಿ ಹೊಲಕ್ಕಿಳಿಯುವ, ನೆಲದ ಮೇಲೆ ಕೂರುವ ನಮ್ಮ ಜನರ ರೀತಿಯನ್ನು ಅರಿತು ಮಾಡಿದ್ದು. ಬೆಂಗಳೂರಿನಲ್ಲೇ 1994ರಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾ ಕೃತಕ ಅಂಗಗಳನ್ನು ಒದಗಿಸುವುದರ ಜೊತೆಗೆ ಅವನ್ನು ತಯಾರಿಸುವವರನ್ನೂ ತರಬೇತುಗೊಳಿಸುತ್ತಿದೆ. ಪಾದ ನೆಲವನ್ನು ಹಿಂದಕ್ಕೆ ತಳ್ಳುವ ಬಗೆಯನ್ನು ಅರಿತು ರೂಪಿಸಿದ ಕಾಲು ಹಾಕಿಕೊಂಡವರ ಆಯಾಸ ಕಡಿಮೆಯಾಗುತ್ತದೆ. ಕಡಿಮೆಯಾದ ಆಯಾಸವೆಂದರೆ ಮತ್ತೆ ಕೆಲಸಕ್ಕೆ ಹೋಗುವ ಧೈರ್ಯ.

ಪ್ರಿಯ ಓದುಗರೇ, ನಾಲ್ಕೂವರೆ ಶತಮಾನಗಳ ಈ ಪ್ರಯತ್ನ ನಮಗೆ ಹೇಳುವ ಮಾತು ದೊಡ್ಡದೇನಲ್ಲ. ನಾವು ಪುಕ್ಕಟೆಯಾಗಿ ಪಡೆದ ನಡಿಗೆ ಕೋಟ್ಯಂತರ ಹಣ ಸುರಿದರೂ ಸುಲಭವಾಗಿ ಸಿಗದ ವಸ್ತು. ಅದನ್ನು ಕಳೆದುಕೊಳ್ಳುತ್ತಿರುವವರು ನಮ್ಮ ಮನೆಗಳಲ್ಲೇ ಇದ್ದಾರೆ. ಮುಪ್ಪಿನಲ್ಲಿ ಒಮ್ಮೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಎಷ್ಟೋ ಹಿರಿಯರು ಮತ್ತೆ ಮೊದಲಿನಂತೆ ನಡೆಯಲಾರರು. ಯಂತ್ರ ಬೀಳದಂತೆ ವಿಜ್ಞಾನಿಗಳು ಇಷ್ಟೊಂದು ಚಿಂತಿಸುವಾಗ, ನಮ್ಮ ದೇವಾಲಯದ ಮೆಟ್ಟಿಲುಗಳಿಗೆ ಹಿಡಿದುಕೊಳ್ಳಲು ಕಂಬಿ ಇದೆಯೇ, ಗಾಲಿಕುರ್ಚಿಗೆ ಇಳಿಜಾರು ಇದೆಯೇ, ಮನೆಯ ಬಚ್ಚಲಿನ ನೆಲ ಜಾರುತ್ತದೆಯೇ ಎಂದು ನಾವು ನೋಡಬೇಡವೇ? ಮೆಲ್ಲಗೆ ನಡೆಯುವವರ ಜೊತೆ ಮೆಲ್ಲಗೆ ನಡೆಯುವುದನ್ನು ಯಾವ ಯಂತ್ರವೂ ನಮಗಾಗಿ ಮಾಡಿಕೊಡಬೇಕಾಗಿಲ್ಲ.