ಜೀಪಿನ ಹಲ್ಲು ನೋಡುವವರು

ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದ ರೈತ ಮೊದಲು ಮಾಡುವ ಕೆಲಸ ಅದರ ಬಾಯಿ ತೆರೆಸುವುದು. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂದು ನೋಡಿದ ಮೇಲೆ ಸುಳಿ, ಗೊರಸು, ನಡಿಗೆಗಳ ಪರೀಕ್ಷೆ. ಕಡೆಗೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಎಚ್.ಡಿ. ಕೋಟೆ ಸೀಮೆಯ ಜನರಿಗೆ ವ್ಯಾಪಾರದ ಈ ಪಾಠವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಹಳೆಯ ಜೀಪು ಕೊಳ್ಳುವಾಗಲೂ ಮಾರುವಾಗಲೂ ಉಪಯೋಗಕ್ಕೆ ಬರುವುದು ಇದೇ ಪಾಠ.

ಹುಣಸೂರಿನಿಂದ ಲಕ್ಷ್ಮಣತೀರ್ಥದ ಅಣೆಕಟ್ಟೆಯಿರುವ ಹನಗೋಡಿಗೆ, ಅಲ್ಲಿಂದ ನಾಗರಹೊಳೆ ಕಾಡಿನಂಚಿಗೆ ಸಾಗುವ ಈ ಭಾಗದಲ್ಲಿ ಹೊಗೆಸೊಪ್ಪಿನ ಹೊಲಗಳೂ ಕೆಸರಿನ ಬಂಡಿದಾರಿಗಳೂ ಉಂಟು. ಪಕ್ಕದಲ್ಲೇ ಕೊಡಗಿನ ಕಾಫಿ ತೋಟಗಳು. ಮಡಚುವ ಚಾವಣಿಯ ಕಾರು ಎಂದೊಡನೆ ನಗರವಾಸಿಗಳಿಗೆ ಸಿನಿಮಾ ನಾಯಕನ ಬಣ್ಣದ ಕಾರು ನೆನಪಾಗಬಹುದು. ಇಂಥ ನೆಲದವರಿಗೆ ಕ್ಯಾನ್ವಾಸ್ ಹುಡ್ಡಿನ ಜೀಪೇ ಆ ಕಾರು. ಬಿಸಿಲಿಗೆ ಹುಡ್ಡು ಬಿಚ್ಚಿ, ಮಳೆಗೆ ಕಟ್ಟಿ, ಗೊಬ್ಬರದ ಮೂಟೆಯನ್ನೂ ಮದುವೆಯ ದಿಬ್ಬಣವನ್ನೂ ಹೊತ್ತ ಗಾಡಿ ಅದು.

ಅಂಥದೊಂದು ಜೀಪನ್ನು ಇಂದು ಮಾರಹೊರಟವರ ಮುಂದೆ ಮೂರು ದಾರಿಗಳಿವೆ. ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕುವುದು, ದುಡಿಯುವ ಗಾಡಿಯಾಗಿ ಮಾರುವುದು ಅಥವಾ ಚರಿತ್ರೆಯ ವಸ್ತುವಾಗಿ ಸಂಗ್ರಾಹಕರಿಗೆ ಕೊಡುವುದು. ಗಾಡಿ ಓಡುತ್ತದೆ, ಆದರೆ ಅದರಲ್ಲಿ ಕುಂದುಗಳಿವೆ. ಯಾವ ಕುಂದು ಬೆಲೆಯನ್ನು ಇಳಿಸುತ್ತದೆ, ಯಾವುದು ಇಳಿಸುವುದಿಲ್ಲ ಎಂಬುದನ್ನು ತಿಳಿಯಬೇಕಾದರೆ ಜೀಪು ನಡೆದು ಬಂದ ದಾರಿಯನ್ನು ನೋಡಬೇಕು.

ಗಾಡಿ ಕಟ್ಟಿದ ಊರು

ಹುಣಸೂರಿಗೂ ಗಾಡಿಗೂ ಇರುವ ನಂಟು ಮೋಟಾರಿಗಿಂತ ಹಳೆಯದು. ಅಮೃತಮಹಲ್ ದನಗಳ ಕೇಂದ್ರವಾಗಿದ್ದ ಈ ಊರಿನಲ್ಲಿ 19ನೆಯ ಶತಮಾನದ ಮೊದಲಾರ್ಧದಲ್ಲಿ ಸೇನೆಗಾಗಿ ಗಾಡಿ, ಚರ್ಮದ ಸಾಮಾನು, ಕಂಬಳಿ ತಯಾರಿಸುವ ಸರ್ಕಾರಿ ಕಾರ್ಖಾನೆಗಳಿದ್ದವು. 1864ರಲ್ಲಿ ಅವನ್ನು ಮುಚ್ಚಲಾಯಿತು. ಆದರೆ ಅಲ್ಲಿ ಪಳಗಿದ ಕುಶಲಕರ್ಮಿಗಳು ಊರಿನಲ್ಲೇ ಉಳಿದು ಕಸುಬು ಮುಂದುವರಿಸಿದರು.

20ನೆಯ ಶತಮಾನದ ಆರಂಭದಲ್ಲಿ ಮೋಟಾರು ಬಂದಾಗ ಕಾರುಗಳಲ್ಲಿ ಹೆಚ್ಚಿನವು ತೆರೆದ ಗಾಡಿಗಳೇ ಆಗಿದ್ದವು. ಗಟ್ಟಿ ಚಾವಣಿಯ ಕಾರುಗಳ ಸಂಖ್ಯೆ ಅವನ್ನು ಮೀರಿದ್ದು 1920ರ ದಶಕದಲ್ಲಿ. ಮೈಸೂರು ಅರಮನೆ ಕಾರುಗಳ ವೈಭವಕ್ಕೆ ಹೆಸರಾಗಿತ್ತು. ಒಂದೇ ಸಲಕ್ಕೆ ಏಳು ರೋಲ್ಸ್ ರಾಯ್ಸ್ ಕೊಳ್ಳುವುದಕ್ಕೆ ಆ ಕಂಪೆನಿಯವರು ‘ಮೈಸೂರು ಮಾಡುವುದು’ ಎನ್ನುತ್ತಿದ್ದರೆಂಬ ಕಥೆ ಇಂದಿಗೂ ಪ್ರಚಲಿತವಾಗಿದೆ. 1922ರಲ್ಲಿ ಇಂಗ್ಲೆಂಡಿನ ಯುವರಾಜ ಎಡ್ವರ್ಡ್ ಖೆಡ್ಡಾ ನೋಡಲು ಎಚ್.ಡಿ. ಕೋಟೆ ಸೀಮೆಯ ಕಾರಾಪುರದ ಶಿಬಿರಕ್ಕೆ ಬಂದಿದ್ದರು. ತೆರೆದ ಕಾರು ಆಗ ಅರಸರ, ಅತಿಥಿಗಳ, ದೊಡ್ಡ ಸಾಹೇಬರ ಸೊತ್ತು. ಅದು ಸಾಮಾನ್ಯ ರೈತನ ಹಟ್ಟಿಯವರೆಗೆ ಬರಲು ಒಂದು ಮಹಾಯುದ್ಧವೇ ಬೇಕಾಯಿತು.

ಯುದ್ಧದಿಂದ ಬಂದದ್ದು

1940ರಲ್ಲಿ ಅಮೆರಿಕದ ಸೇನೆ ಹಗುರವಾದ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಸಿಗುವ ಗಾಡಿಯೊಂದನ್ನು ಮಾಡಿಕೊಡುವಂತೆ ಕಾರು ತಯಾರಕರನ್ನು ಕೇಳಿತು. ಬ್ಯಾಂಟಮ್ ಎಂಬ ಸಣ್ಣ ಕಂಪೆನಿ ಕೇವಲ 49 ದಿನಗಳಲ್ಲಿ ಮೊದಲ ಮಾದರಿಯನ್ನು ಸಿದ್ಧಪಡಿಸಿತು. ಆದರೆ ದೊಡ್ಡ ಪ್ರಮಾಣದ ತಯಾರಿಕೆ ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳ ಪಾಲಾಯಿತು. ಯುದ್ಧ ಮುಗಿಯುವ ವೇಳೆಗೆ ಇವೆರಡೂ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದ್ದವು. 2.2 ಲೀಟರಿನ ಪೆಟ್ರೋಲ್ ಎಂಜಿನ್, 60 ಅಶ್ವಶಕ್ತಿ, ಮುಂದಕ್ಕೆ ಮಡಚುವ ಗಾಜು, ಬಿಚ್ಚಿಡಬಹುದಾದ ಕ್ಯಾನ್ವಾಸ್ ಹುಡ್ಡು. ಬಾಗಿಲೇ ಇಲ್ಲ.

ಬರ್ಮಾ ಸಮರದ ಹಿಂಬದಿಯ ನೆಲೆ ಭಾರತವಾಗಿದ್ದುದರಿಂದ ಜೀಪುಗಳು ಇಲ್ಲಿಗೂ ಬಂದವು. ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಗಾಡಿಗಳು ಮಾರಾಟವಾದವು. ಜನರ ಬಾಯಲ್ಲಿ ‘ಡಿಸ್ಪೋಸಲ್ ಜೀಪು’ ಎಂಬ ಹೆಸರು ಹುಟ್ಟಿದ್ದು ಹೀಗೆ. ಕುಂದುಳ್ಳ, ಆದರೆ ಓಡುವ ಗಾಡಿಯ ವ್ಯಾಪಾರ ಆಗಲೇ ಶುರುವಾಗಿತ್ತು.

1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪೆನಿ ಮುಂಬೈಯಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಜೋಡಿಸತೊಡಗಿತು. ಮುಂದೆ ಇಲ್ಲೇ ತಯಾರಾದದ್ದು ಎತ್ತರದ ಬಾನೆಟ್ಟಿನ ‘ಸಿಜೆ-3ಬಿ’. ಅಮೆರಿಕದಲ್ಲಿ ಈ ಮಾದರಿಯ ತಯಾರಿಕೆ 1968ರಲ್ಲಿ ನಿಂತರೂ ಭಾರತದಲ್ಲಿ ಅದೇ ವಂಶದ ಜೀಪುಗಳು ದಶಕಗಳ ಕಾಲ ಮುಂದುವರಿದವು. ರೈತರು, ತೋಟದ ಮಾಲೀಕರು, ಅರಣ್ಯ ಇಲಾಖೆ, ಪೊಲೀಸರು ಎಲ್ಲರಿಗೂ ಇದೇ ಗಾಡಿ.

ಹೊಟ್ಟೆಯೊಳಗೆ ಬೇರೆ ಎಂಜಿನ್

1973ರ ತೈಲ ಬಿಕ್ಕಟ್ಟು ಜೀಪಿನ ಕಥೆಗೆ ತಿರುವು ಕೊಟ್ಟಿತು. ಪೆಟ್ರೋಲು ಹೊಟ್ಟೆಬಾಕ ಎಂಜಿನ್ನನ್ನು ಸಾಕುವುದು ಕಷ್ಟವಾಯಿತು. ಕಂಪೆನಿಯೇ ಡೀಸೆಲ್ ಜೀಪುಗಳತ್ತ ಹೊರಳಿತು. ಹಳೆಯ ಜೀಪುಗಳ ಮಾಲೀಕರು ಗ್ಯಾರೇಜಿಗೆ ಹೋಗಿ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿಕೊಂಡರು. ತುಕ್ಕು ತಿಂದ ನೆಲಹಾಸಿಗೆ ತಗಡಿನ ಪ್ಯಾಚ್ ಬಂತು, ಹಿಂಬದಿಗೆ ಹೆಚ್ಚಿನ ಸೀಟು ಬಂತು, ಹರಿದ ಹುಡ್ಡಿನ ಜಾಗಕ್ಕೆ ಟಾರ್ಪಾಲು ಬಂತು. ಟಿಂಕರಿಂಗ್ ಮಾಡಿದ ಕೈಗಳ ಗುರುತು ಗಾಡಿಯ ತುಂಬ ಉಳಿಯಿತು.

ಈ ರಿಪೇರಿಗಳಿಂದಲೇ ಜೀಪು ಬದುಕಿತು. ಆದರೆ ಸಂಗ್ರಾಹಕನ ಕಣ್ಣು ನೋಡುವ ರೀತಿ ಬೇರೆ. ಫೋರ್ಡ್ ತಯಾರಿಸಿದ ಯುದ್ಧಕಾಲದ ಜೀಪಿನ ಬೋಲ್ಟುಗಳ ತಲೆಯ ಮೇಲೆ ‘ಎಫ್’ ಅಕ್ಷರದ ಅಚ್ಚು ಇರುತ್ತದೆ. ಮುಂದಿನ ಜಾಲರಿಯಲ್ಲಿ ಒಂಬತ್ತು ಸೀಳುಗಳಿದ್ದರೆ ಅದು ಯುದ್ಧದ ಗಾಡಿ. ಏಳಿದ್ದರೆ ಆಮೇಲಿನ ನಾಗರಿಕ ಮಾದರಿ. ವಿಲ್ಲಿಸ್ ಜೀಪಿನ ಚಾಸಿಯ ಮುಂದಿನ ಅಡ್ಡಪಟ್ಟಿ ಕೊಳವೆಯಾಕಾರದ್ದು, ಫೋರ್ಡಿನದು ಹಾಗಲ್ಲ. ಎತ್ತಿನ ಹಲ್ಲಿನಂತೆ ಇವು ವಯಸ್ಸನ್ನೂ ವಂಶವನ್ನೂ ಹೇಳುತ್ತವೆ. ಹೊಸ ಬಣ್ಣ, ಹೊಳೆಯುವ ಬಂಪರುಗಳನ್ನು ಯಾವಾಗ ಬೇಕಾದರೂ ಹಾಕಿಸಬಹುದು. ಒಮ್ಮೆ ಗುಜರಿಗೆ ಹೋದ ಮೂಲ ಎಂಜಿನ್ ಮತ್ತೆ ಸಿಗುವುದಿಲ್ಲ.

ಕಾನೂನಿನ ಎರಡು ಬಾಗಿಲು

ಈ ವ್ಯತ್ಯಾಸ ಇಂದು ಬರಿಯ ಹವ್ಯಾಸದ ಮಾತಾಗಿ ಉಳಿದಿಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಪುರಾತನ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ವಾಣಿಜ್ಯಕ್ಕೆ ಬಳಸದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳಿಗೆ ಇದು ಅನ್ವಯ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಅವಧಿ ಹತ್ತು ವರ್ಷ. ಹೊಸದಾಗಿ ನೋಂದಣಿಯಾಗುವ ಗಾಡಿಯ ಸಂಖ್ಯೆಯಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಮಾರಾಟಕ್ಕೂ ಅವಕಾಶವಿದೆ. ಕೊಂಡವರೂ ಮಾರಿದವರೂ 90 ದಿನಗಳೊಳಗೆ ತಮ್ಮ ರಾಜ್ಯದ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು.

ತೊಡಕು ಇರುವುದು ಷರತ್ತುಗಳಲ್ಲಿ. ಗಾಡಿ ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನುಗಳನ್ನು ಗಣನೀಯವಾಗಿ ಮಾರ್ಪಡಿಸಿರಬಾರದು. ಅಂದರೆ ಡೀಸೆಲ್ ಎಂಜಿನ್ ಹಾಕಿಸಿಕೊಂಡು ಐವತ್ತು ವರ್ಷ ದುಡಿದ ಜೀಪಿಗೆ ಈ ಬಾಗಿಲು ತೆರೆಯುವುದು ಕಷ್ಟ. ಗಾಡಿಯನ್ನು ಬದುಕಿಸಿದ ಬದಲಾವಣೆಯೇ ಅದಕ್ಕೆ ಪುರಾತನದ ಮರ್ಯಾದೆಯನ್ನು ತಪ್ಪಿಸುತ್ತದೆ. ಬಾಗಿಲು ತೆರೆದರೂ, ಪ್ರದರ್ಶನ, ರ‍್ಯಾಲಿ, ಇಂಧನ ಹಾಗೂ ದುರಸ್ತಿಯಂಥ ಕಾರಣಗಳಿಗೆ ಮಾತ್ರ ರಸ್ತೆಗಿಳಿಯಬೇಕು. ಸಂತೆಗೆ ಹೋಗುವಂತಿಲ್ಲ.

ಎರಡನೆಯ ಬಾಗಿಲು ಸಾಮಾನ್ಯ ವಾಹನದ್ದು. 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. ಕಾರು, ಜೀಪುಗಳಿಗೆ 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದ ಗಾಡಿಗಳಿಗೆ 2025ರಲ್ಲಿ 10,000 ರೂಪಾಯಿ ಆಯಿತು. ಎಂಜಿನ್ ಬದಲಾಗಿದ್ದರೆ ಅದಕ್ಕೆ ಅನುಮತಿ ಪಡೆದು ಆರ್.ಸಿ.ಯಲ್ಲಿ ನಮೂದಿಸಿರಬೇಕು. ಎಂದೋ ಮಾಡಿಸಿದ ಬದಲಾವಣೆಗೆ ಕಾಗದವೇ ಇಲ್ಲದಿದ್ದರೆ ಮಾರಾಟದ ಮಾತು ಅಲ್ಲಿಗೇ ನಿಲ್ಲುತ್ತದೆ.

ಹೇಳಿ ಮಾರುವುದು

ಹೊಗೆಸೊಪ್ಪು ಬೆಳೆಯುವವರಿಗೆ ಇನ್ನೊಂದು ಹೋಲಿಕೆ ಹತ್ತಿರದ್ದು. 1984ರಿಂದ ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ನಡೆಯುತ್ತಿದೆ. ಬೇಲಿನ ಮೇಲೆ ಒಳ್ಳೆಯ ಎಲೆಯಿಟ್ಟು ಒಳಗೆ ಕೆಟ್ಟದ್ದನ್ನು ತುಂಬಿದರೆ ಕಟ್ಟು ಬಿಚ್ಚಿದಾಗ ಬೆಲೆ ಬೀಳುತ್ತದೆ, ಜೊತೆಗೆ ಹೆಸರೂ ಕೆಡುತ್ತದೆ. ಕೆಳದರ್ಜೆಯ ಎಲೆಯನ್ನು ಕೆಳದರ್ಜೆಯೆಂದೇ ಬೇರೆ ಕಟ್ಟಿದರೆ ಅದಕ್ಕೂ ಒಂದು ಬೆಲೆಯಿದೆ.

ಹಳೆಯ ಜೀಪಿಗೂ ಅಷ್ಟೇ. ಹುಡ್ಡು ಹರಿದಿದೆ, ಸ್ಟೇರಿಂಗಿನಲ್ಲಿ ಆಟವಿದೆ, ನೆಲಹಾಸಿಗೆ ಪ್ಯಾಚ್ ಇದೆ ಎಂದು ಮೊದಲೇ ಹೇಳಬಹುದು. ಇವು ರಿಪೇರಿಯಾಗುವ ಕುಂದುಗಳು. ಚಾಸಿ ನಂಬರ್ ಆರ್.ಸಿ.ಯೊಂದಿಗೆ ತಾಳೆಯಾಗುತ್ತದೆಯೇ, ಚಾಸಿ ಬಿರುಕು ಬಿಟ್ಟಿದೆಯೇ, ಎಂಜಿನ್ ಯಾವಾಗ ಬದಲಾಯಿತು ಎಂಬುವನ್ನು ಮುಚ್ಚಿಡುವಂತಿಲ್ಲ. ಮಾರುವ ಮೊದಲು ಅವಸರದಲ್ಲಿ ಪುಟ್ಟಿ ಹಚ್ಚಿ ಬಣ್ಣ ಬಳಿಸಿದರೆ ಕೊಳ್ಳುವವರಿಗೆ ಅನುಮಾನ ಹೆಚ್ಚೀತೇ ಹೊರತು ಬೆಲೆಯಲ್ಲ. ಹಳೆಯ ಬಣ್ಣ, ‘ಎಂವೈ’ಯಿಂದ ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರು, ತಾತನ ಹೆಸರಿನ ಆರ್.ಸಿ. ಪುಸ್ತಕ ಇವೆಲ್ಲ ಗಾಡಿಯ ಚರಿತ್ರೆಯೇ.

ಹಣ ಕೈಗೆ ಬಂದೊಡನೆ ವ್ಯಾಪಾರ ಮುಗಿಯಿತೆಂದು ತಿಳಿದವರು ಮೋಸಹೋಗುತ್ತಾರೆ. ಸಾಮಾನ್ಯ ನೋಂದಣಿಯ ಗಾಡಿಯನ್ನು ರಾಜ್ಯದೊಳಗೆ ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಸಾರಿಗೆ ಕಚೇರಿಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರದ ಹೊಣೆ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಕೈಬದಲಾದ ಜೀಪು ಯಾವುದೋ ಊರಿನಲ್ಲಿ ಯಾರಿಗೋ ಬಡಿದರೆ ನೋಟಿಸು ಬರುವುದು ಹಳೆಯ ಮಾಲೀಕನ ಮನೆಗೆ.

ಜಾತ್ರೆಯಲ್ಲಿ ಎತ್ತು ಕೈಬದಲಾಗುವಾಗ ಮಾರುವವನು ಅದರ ಒಂದೆರಡು ಗುಣಗಳನ್ನು ಹೇಳಿಯೇ ಹಗ್ಗ ಕೊಡುತ್ತಾನೆ. ಬಲಕ್ಕೆ ಕಟ್ಟಿದರೆ ಎಳೆಯುತ್ತದೆ, ನೀರು ಕಂಡರೆ ಹೆದರುತ್ತದೆ ಎಂದು. ಮೊದಲ ಗೇರು ಗಡುಸು, ಹುಡ್ಡಿನ ಎಡಮೂಲೆ ಸೋರುತ್ತದೆ ಎಂಬ ಮಾತನ್ನೂ ಹಾಗೆಯೇ ಹೇಳಿ ಕೀಲಿ ಕೊಡಬಹುದು. ಕೇಳಿಸಿಕೊಂಡವರು ಕೆಲವೊಮ್ಮೆ ಎರಡು ಸಾವಿರ ಕಡಿಮೆ ಕೇಳುತ್ತಾರೆ. ಮರುವರ್ಷ ಎದುರು ಸಿಕ್ಕಾಗ ಮಾತನಾಡಿಸಿಯೇ ಮುಂದೆ ಹೋಗುತ್ತಾರೆ.